ನೋಟ್‌ಬುಕ್ಕಿನಲ್ಲಿ ಬರೆಯದ ಹೆಸರು

"ಒಂದು ನಿಮಿಷ... ನಿಲ್ಲಿ!"

ಕುದ್ರೋಳಿಯ ಓಣಿಯಲ್ಲಿ ಸೈಕಲ್ ತಿರುಗಿಸುತ್ತಿದ್ದ ಪೋಸ್ಟ್‌ಮ್ಯಾನ್ ಚಿತ್ತರಂಜನ ಬೆಚ್ಚಿ ಬ್ರೇಕ್ ಹಿಡಿದ. ಗೇಟಿನ ಬಳಿ ಕೆದರಿದ ಕೂದಲಿನ ಹುಡುಗಿಯೊಬ್ಬಳು ನಿಂತಿದ್ದಳು. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ನೀರಿನ ಚೆಂಬು.

"ಇವತ್ತು ನಿಮಗೆ ಕಾಗದ ಇಲ್ಲ."

"ಕಾಗದ ಬೇಡ. ಬಿಸಿಲು ಉಂಟಲ್ಲ... ನೀರು ಕುಡಿದು ಹೋಗಿ."

ಅವನು ಗಟಗಟನೆ ಕುಡಿದು ನಕ್ಕ. "ನಾಲ್ಕು ವರ್ಷದಿಂದ ಈ ಓಣಿಗೆ ಬರ್ತೇನೆ. ಎಲ್ಲರೂ ನನ್ನ ಕೈ ನೋಡ್ತಾರೆ, ಕಾಗದ ಉಂಟಾ ಅಂತ. ಮುಖ ನೋಡಿದ್ದು ನೀವೇ ಮೊದಲು!"

"ಬೇಜಾರಾಗುವುದಿಲ್ವಾ?"

"ಎಂತದಕ್ಕೆ? ಕಾಗದ ಬಿಡಿಸುವಾಗ ಅವರ ಮುಖ ನಾನು ನೋಡ್ತೇನಲ್ಲ!"

ಹುಡುಗಿ ಆಶಾಲತಾ ಖಾಲಿ ಚೆಂಬು ತೆಗೆದುಕೊಂಡಳು. ಯಾರ ಕಣ್ಣಿಗೂ ಬೀಳದ ಒಬ್ಬ ಮನುಷ್ಯ ಇಷ್ಟು ಸಂತೋಷವಾಗಿರಬಹುದೇ...?

ಅದು ೧೯೮೩ರ ಏಪ್ರಿಲ್. ಅವಳು ತಾನಾಗಿ ಗೇಟಿನವರೆಗೆ ಬಂದದ್ದು ಏಳು ತಿಂಗಳಲ್ಲಿ ಅದೇ ಮೊದಲು. ಬಿ.ಎಸ್ಸಿ.ಯಲ್ಲಿ ರ‍್ಯಾಂಕ್ ಪಡೆದವಳು ಎಂ.ಎಸ್ಸಿ.ಯಲ್ಲಿ ಫೇಲಾದಳು. ಅಂದಿನಿಂದ ಸ್ನಾನ ಬೇಡ, ಊಟ ಬೇಡ, ಮಾತು ಬೇಡ. ಬೆಳಿಗ್ಗೆ ಕಣ್ಣು ತೆರೆಯುವುದೇ ಭಾರ.

ಹಿಂದಿನ ವಾರ ತಾಯಿ ಸುಂದರಿ ಅವಳನ್ನು ಬಲ್ಮಠದ ಡಾಕ್ಟರ್ ಹೇಮಾಕ್ಷಿಯವರಲ್ಲಿಗೆ ಕರೆದೊಯ್ದಿದ್ದರು. ಆಡ್ಲರ್ ಎಂಬ ಮನಶ್ಶಾಸ್ತ್ರಜ್ಞರ ಪದ್ಧತಿಯಲ್ಲಿ ಮನಸ್ಸಿನ ಚಿಕಿತ್ಸೆ ಕಲಿತು ಬಂದ ಡಾಕ್ಟರು ಕಾಯಿಲೆಯ ಬಗ್ಗೆ ಕೇಳಲೇ ಇಲ್ಲ.

"ನಿಮಗೆ ನೆನಪಿರುವ ಎಲ್ಲಕ್ಕಿಂತ ಹಳೆಯ ಸಂಗತಿ ಹೇಳಿ."

"ನನಗೆ ನಾಲ್ಕು ವರ್ಷ. ತಮ್ಮನ ತೊಟ್ಟಿಲ ಸುತ್ತ ಎಲ್ಲರೂ ಇದ್ರು. ನಾನು ಬಾಗಿಲ ಹಿಂದೆ. ಯಾರೂ ಹುಡುಕ್ಲಿಲ್ಲ. ಗಟ್ಟಿಯಾಗಿ ಒಂದರಿಂದ ಐವತ್ತರವರೆಗೆ ಎಣಿಸಿದೆ... ಆಗ ಅಪ್ಪ ಎತ್ತಿಕೊಂಡ್ರು."

ಡಾಕ್ಟರು ಮೆಲ್ಲನೆ ಕೇಳಿದರು, "ಆಶಾ, ಇಪ್ಪತ್ತು ವರ್ಷದಿಂದ ಇನ್ನೂ ಎಣಿಸ್ತಾನೇ ಇದ್ದೀರಾ?"

ಅವಳ ಮೈ ಜುಮ್ಮೆಂದಿತು. ತನಗೇ ತಿಳಿಯದ ತನ್ನೊಳಗಿನ ಕೋಣೆಯೊಂದರಲ್ಲಿ ಯಾರೋ ದೀಪ ಹಚ್ಚಿದಂತೆ! ಗೆದ್ದರೆ ಮಾತ್ರ ನಾನು ಬೇಕಾದವಳು... ಇದನ್ನೇ ನಂಬಿ ಬದುಕಿದ್ದೆನೇ? ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ದಿನಕ್ಕೊಬ್ಬರನ್ನು ಸಂತೋಷಪಡಿಸುವ ದಾರಿ ಯೋಚಿಸಿ, ಮಾಡಿ, ಬರೆದಿಡಿ," ಎಂದು ಡಾಕ್ಟರು ಒಂದು ನೋಟ್‌ಬುಕ್ ಕೊಟ್ಟರು.

ಮೊದಲ ಪುಟದಲ್ಲಿ ಅವಳು ಬರೆದದ್ದು ಪೋಸ್ಟ್‌ಮ್ಯಾನ್ ಎಂದು.

ಮರುದಿನ ನೆರೆಮನೆಯ ಬೀಫಾತಿಮ್ಮನಿಗೆ ದುಬೈಯಿಂದ ಮಗ ಬರೆದ ಕಾಗದ ಓದಿ ಹೇಳಿದಳು. ಮುದುಕಿ ಅವಳ ಕೆನ್ನೆ ಹಿಡಿದು ಅತ್ತಾಗ, ತನ್ನ ಧ್ವನಿಗೂ ಇಷ್ಟು ಶಕ್ತಿ ಉಂಟೇ ಎಂದು ಬೆರಗಾದಳು. ಚಿತ್ತರಂಜನ ದಿನವೂ ಗೇಟಿನ ಬಳಿ ನಿಲ್ಲತೊಡಗಿದ. ಒಂದು ದಿನ ಅವಳು ಸೀರೆ ಬದಲಿಸಿ, ತಲೆ ಬಾಚಿ ಕಾದು ನಿಂತಳು. ಸುಂದರಿ ಅಡುಗೆಮನೆಯಲ್ಲಿ ಸದ್ದಿಲ್ಲದೆ ಕಣ್ಣೊರೆಸಿಕೊಂಡರು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ಒಳಗೆ ಹೋಗಿದ್ದಾಗ, ಜಗಲಿಯಲ್ಲಿದ್ದ ನೋಟ್‌ಬುಕ್ ಗಾಳಿಗೆ ತೆರೆಯಿತು. ಜಗಲಿಗೆ ಬಂದು ಕೂತಿದ್ದ ಚಿತ್ತರಂಜನನ ಕಣ್ಣಿಗೆ ಮೊದಲ ಪುಟ ಬಿತ್ತು.

'ಡಾಕ್ಟರು ಹೇಳಿದ ಅಭ್ಯಾಸ. ಮೊದಲ ದಿನ: ಪೋಸ್ಟ್‌ಮ್ಯಾನ್.'

"ನಾನು ನಿಮ್ಮ ಮದ್ದಾ?" ಅವಳು ನೀರು ಹಿಡಿದು ಹೊರಬರುತ್ತಲೇ ಕೇಳಿದ. ಉತ್ತರಕ್ಕೂ ಕಾಯದೆ ಸೈಕಲ್ ಹತ್ತಿದ.

ಮರುದಿನ ಬೇರೊಬ್ಬ ಪೋಸ್ಟ್‌ಮ್ಯಾನ್ ಬಂದ. "ಅವ ಬಜಪೆಗೆ ಟ್ರಾನ್ಸ್‌ಫರ್ ಕೇಳಿದ್ದಾನೆ."

ಆಶಾಲತಾ ಮತ್ತೆ ಮಲಗಿಬಿಟ್ಟಳು. ಎಲ್ಲ ಮುಗಿಯಿತು...

ನಾಲ್ಕನೇ ದಿನ, ಸುಂದರಿಯಿಂದ ವಿಷಯ ತಿಳಿದು, ಡಾಕ್ಟರೇ ಮನೆಗೆ ಬಂದು ಮಂಚದ ಬಳಿ ಕುಳಿತರು. "ಈ ಕ್ಷಣ ಕಾಯಿಲೆ ಪೂರ್ತಿ ಗುಣ ಆಯ್ತು ಅಂತ ಇಟ್ಟುಕೊಳ್ಳಿ. ಮೊದಲು ಎಂತ ಮಾಡ್ತೀರಿ?"

"ಪೋಸ್ಟ್ ಆಫೀಸಿಗೆ ಹೋಗ್ತೇನೆ," ಎಂದಳು ಯೋಚಿಸದೆ. ಹೇಳಿದ ಮೇಲೆ ತಾನೇ ಬೆಚ್ಚಿದಳು.

"ಗುಣ ಆದವರ ಹಾಗೆ ಹೋಗಿ ನೋಡಿ. ಕಾಲು ಮುಂದೆ ಹೋದರೆ ಮನಸ್ಸೂ ಹಿಂದೆ ಬರ್ತದೆ. ಅವರು ಎಂತ ಹೇಳ್ತಾರೋ ಅದು ನಿಮ್ಮ ಕೈಯಲ್ಲಿಲ್ಲ."

ಪೋಸ್ಟ್ ಆಫೀಸಿನ ಮೆಟ್ಟಿಲಲ್ಲಿ ಅವನು ಕಾಗದಗಳ ಕಟ್ಟು ಹಿಡಿದು ಇಳಿಯುತ್ತಿದ್ದ. ಅವಳನ್ನು ನೋಡಿ ಅಲ್ಲಿಯೇ ನಿಂತ.

"ನಡೆದೇ ಬಂದ್ರಾ? ಒಬ್ಬರೇ?"

"ಹೌದು. ನೀವು ಒಂದೇ ಪುಟ ಓದಿದ್ರಿ," ನೋಟ್‌ಬುಕ್ ಚಾಚಿದಳು. "ಉಳಿದದ್ದೂ ಓದಿ."

ಬೀಫಾತಿಮ್ಮ, ಮೀನು ಮಾರುವ ಗುಲಾಬಿ, ಅಮ್ಮ, ತಮ್ಮ... ಐವತ್ತಕ್ಕೂ ಹೆಚ್ಚು ಪುಟಗಳನ್ನು ಅವನು ಒಂದೊಂದಾಗಿ ಮಗುಚಿದ.

"ನನ್ನ ಹೆಸರು ಮತ್ತೆ ಎಲ್ಲಿಯೂ ಇಲ್ಲ..."

"ಉಳಿದವರಿಗೆ ಎಂತ ಮಾಡುವುದು ಅಂತ ಯೋಚನೆ ಮಾಡ್ಬೇಕಿತ್ತು. ನಿಮಗೋಸ್ಕರ ಗೇಟಿಗೆ ಬರ್ಲಿಕ್ಕೆ ಯೋಚನೆಯೇ ಬೇಡವಾಗಿತ್ತು." ಅವಳ ಕಣ್ಣು ತುಂಬಿತು. "ಅದು ಅಭ್ಯಾಸ ಅಲ್ಲ... ನನಗೆ ನೀವು ಬೇಕು. ಕಾಯಿಲೆ ಪೂರ್ತಿ ಹೋಗ್ಲಿಲ್ಲ. ಕೆಲವು ದಿನ ಬೆಳಿಗ್ಗೆ ಏಳ್ಲಿಕ್ಕೇ ಆಗುವುದಿಲ್ಲ. ಅದನ್ನೂ ಹೇಳ್ಬೇಕಿತ್ತು."

ಅವನು ನೋಟ್‌ಬುಕ್ ಮುಚ್ಚಿ ಅವಳ ಕೈಗಿಟ್ಟ. ಇಷ್ಟು ದೊಡ್ಡ ಸತ್ಯವನ್ನು ಇಷ್ಟು ಸರಳವಾಗಿ ಹೇಳುವ ಧೈರ್ಯ ಈ ಹುಡುಗಿಗೆ ಎಲ್ಲಿಂದ ಬಂತು!

"ಏಳ್ಲಿಕ್ಕೆ ಆಗದ ದಿನ ನಾನು ಪಕ್ಕದಲ್ಲಿ ಕೂತಿರ್ತೇನೆ," ಎಂದ. "ಆದರೆ ಟ್ರಾನ್ಸ್‌ಫರ್ ಆಗಿ ಹೋಯ್ತು ಮಾರಾಯ್ತಿ! ನಾಡಿದ್ದಿನಿಂದ ಬಜಪೆ."

"ನಿಮ್ಮ ಮನೆ ಇರುವುದೂ ಅಲ್ಲಿಯೇ ಅಲ್ವಾ? ಭಾನುವಾರ ನಿಮ್ಮ ತಾಯಿ ಇರ್ತಾರಾ?"

"ಇರ್ತಾರೆ... ಯಾಕೆ?"

"ಅಮ್ಮನನ್ನು ಕರ್ಕೊಂಡು ಬರ್ತೇನೆ."

ಅವನು ಕಣ್ಣರಳಿಸಿದ. "ಹೆಣ್ಣಿನವರೇ ಗಂಡು ನೋಡ್ಲಿಕ್ಕಾ?"

"ಹೌದು," ಎಂದಳು ಆಶಾಲತಾ, ನಾಚಿ ನಗುತ್ತಾ. "ಆಗ್ಬಹುದಾ?"

"ಬೇಗ ಬನ್ನಿ... ಊಟಕ್ಕೇ ಬನ್ನಿ."