ಹಳದಿ ಬಳೆ ತೊಟ್ಟ ಚೆರ್ರಿ ಮರ

"ಈ ಮರಕ್ಕೆ ಹಳದಿ ಬಣ್ಣ ಬಳಿದವನು ಈಗ ನನ್ನ ಕೈಗೆ ಸಿಕ್ಕಿದ್ರೆ... ಅವನ ಮುಖಕ್ಕೂ ಅದೇ ಬಣ್ಣ ಬಳೀತಿದ್ದೆ!"

ಕಾಡು ನೋಡಲು ಬಂದಿದ್ದ ಹನ್ನೊಂದು ಜನರ ಮುಂದೆ ಹೆಸ್ಟರ್ ಹೀಗೆ ಗುಡುಗಿದಾಗ ಅವಳ ಮೂಗಿನ ತುದಿ ಕೆಂಪಾಗಿತ್ತು. ಅರ್ಧ ಫೆಬ್ರವರಿಯ ಚಳಿಗೆ, ಇನ್ನರ್ಧ ಸಿಟ್ಟಿಗೆ.

ಹಿಂದಿನ ಸಾಲಿನಲ್ಲಿ ಸಾಸಿವೆ ಬಣ್ಣದ ಸ್ವೆಟರ್ ತೊಟ್ಟ ಎತ್ತರದ ಯುವಕನೊಬ್ಬ ನಿಧಾನವಾಗಿ ಕೈ ಎತ್ತಿದ.

"ನಾನೇ ಅದು."

"ಏನ್ರೀ?"

"ಬಣ್ಣ ಬಳಿದವನು. ರೂಬೆನ್ ಅಂತ. ಈ ಕಾಡಿನ ಕೆಲಸಕ್ಕೆ ಹೋದ ವಾರ ಬಂದೆ. ಮುಖ ಇಲ್ಲೇ ಇದೆ... ಡಬ್ಬಿ ಗಾಡಿಯಲ್ಲಿದೆ, ತರಲಾ?"

ಉಳಿದ ಹತ್ತೂ ಜನ ಗೊಳ್ಳೆಂದು ನಕ್ಕರು. ಹೆಸ್ಟರ್ ನಗಲಿಲ್ಲ. ಪ್ರತಿ ಭಾನುವಾರ ಜನರನ್ನು ಈ ಸನ್ಯಾಸಿನಿಯರ ಕಾಡಿಗೆ ಕರೆತಂದು, ಹಳೆಯ ಮಠದ ಉಳಿದ ಒಂದೇ ಗೋಡೆ, ಕಮಾನು, ಕಾಡಿನ ಸುತ್ತಲಿನ ಮಣ್ಣಿನ ದಿಬ್ಬ ಎಲ್ಲವನ್ನೂ ತೋರಿಸಿ ಕಥೆ ಹೇಳುವವಳು ಅವಳು. ಇವತ್ತು ಅವಳ ಕಾಡಿನಲ್ಲೇ, ಅವಳ ಮಂದಿಯೊಳಗೇ ಶತ್ರು ನುಸುಳಿದ್ದ!

"ಒಂದು ನಿಮಿಷ ಕೇಳಿ. ಆ ಗುರುತು ಅಂದ್ರೆ..."

"ಗುರುತಿನ ಅರ್ಥ ನನಗೆ ನೀವು ಹೇಳಿಕೊಡಬೇಕಾ? ಹೋದ ವರ್ಷ ರಸ್ತೆ ಬದಿಯ ಆ್ಯಶ್ ಮರಗಳಿಗೆ ರೋಗ ಅಂತ ಹೀಗೇ ಬಣ್ಣ ಹಚ್ಚಿದ್ರು. ಎಂಟೇ ದಿನ... ಒಂದೂ ಉಳೀಲಿಲ್ಲ!"

"ಅದು ರಸ್ತೆ. ಇದು..."

"ಇದು ನಮ್ಮಜ್ಜ ಮದುವೆ ದಿನ ನೆಟ್ಟ ಮರ ಕಣ್ರೀ!"

ಅವನು ಬಾಯಿ ತೆರೆದ. ಅವಳು ಅವನಿಗೆ ಬೆನ್ನು ತಿರುಗಿಸಿ, "ಎಲ್ರೂ ಬನ್ನಿ, ಮುಂದೆ ಮಠದ ಗೋಡೆ," ಎಂದು ದಾಪುಗಾಲು ಹಾಕಿದಳು.

ಆದರೆ ಗೋಡೆಯ ಹತ್ತಿರವೂ ಅವನು ಬಂದ. ಸನ್ಯಾಸಿನಿಯರು ದಿಬ್ಬ ಕಟ್ಟಿದ್ದು ದನ ತಡೆಯಲೋ ಜಿಂಕೆ ತಡೆಯಲೋ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕೇಳುವಾಗ ಅವನ ಬೂದು ಕಣ್ಣುಗಳು ಶಾಲೆಯ ಮೊದಲ ಬೆಂಚಿನ ಹುಡುಗನ ಕಣ್ಣಿನಂತೆ ಅರಳಿದ್ದವು.

'ಎಷ್ಟು ಚೆಂದದ ಕಣ್ಣು... ಥೂ ಹೆಸ್ಟರ್! ಕಟುಕನ ಕಣ್ಣು ಹೇಗಿದ್ರೆ ನಿನಗೇನೇ?'

ಅವಳು ಅವನ ಪ್ರಶ್ನೆಗೆ ಉತ್ತರ ಕೊಟ್ಟಳು. ಆದರೆ ಅವನ ಕಡೆ ನೋಡದೆ, ಗೋಡೆಗೆ ಹೇಳಿದಳು.

ಹೆಸ್ಟರಳ ಸಿಟ್ಟಿಗೆ ಕಾರಣವಿತ್ತು. ಆ್ಯಂಬ್ರೋಸ್ ಅಜ್ಜ ತೀರಿಕೊಂಡ ಮೇಲೆ, ಬ್ರಿಸ್ಟಲ್ ಬಿಟ್ಟು ಅವಳು ವಿನಿಫ್ರೆಡ್ ಅಜ್ಜಿಯ ಜೊತೆಗಿರಲು ಈ ಹಳ್ಳಿಗೆ ಬಂದು ಮೂರು ವರ್ಷವಾಗಿತ್ತು. ಪ್ರತಿ ಏಪ್ರಿಲ್‌ನಲ್ಲಿ ಚೆರ್ರಿ ಹೂಬಿಟ್ಟ ದಿನ ಅಜ್ಜಿ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು, ಎರಡು ಕಪ್ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಒಂದು ಕಪ್ ಕುಡಿಯುತ್ತಾಳೆ. ಇನ್ನೊಂದನ್ನು ಮರದ ಬುಡಕ್ಕೆ ಸುರಿಯುತ್ತಾಳೆ. ವರ್ಷವಿಡೀ ಮಂಡಿನೋವು ಎಂದು ನರಳುವ ಅಜ್ಜಿಗೆ ಆ ದಿನ ಮಂಡಿ ಇರುವುದೇ ನೆನಪಿರುವುದಿಲ್ಲ.

ಆ ಮರ ಹೋದರೆ ಅಜ್ಜಿಗೆ ಅಜ್ಜ ಇನ್ನೊಮ್ಮೆ ಸತ್ತಂತೆ.

ಇದನ್ನು ಅಜ್ಜಿಗೆ ಹೇಳುವುದು ಹೇಗೆ? ಹೇಳಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ತಂತಿಯ ಬ್ರಷ್, ಟರ್ಪೆಂಟೈನ್ ಬಾಟಲಿ ಎರಡನ್ನೂ ಚೀಲಕ್ಕೆ ತುರುಕಿ ಕಾಡಿಗೆ ಓಡಿದಳು. ಎರಡು ಗಂಟೆ ಉಜ್ಜಿದಳು. ಬರಿಗೊಂಬೆಗಳ ಮೇಲೆ ಸಂಜೆಯ ಬೆಳಕು ಕೆಂಪಾಗುವ ಹೊತ್ತಿಗೆ ಮರಕ್ಕೆ ಬಳೆ ತೊಡಿಸಿದಂತಿದ್ದ ಆ ಹಳದಿ ಗೆರೆ ಪೂರ್ತಿ ಮಾಯ!

"ಈಗ ಕಡೀರಿ ನೋಡೋಣ," ಎಂದು ಮರದ ಬೆನ್ನು ತಟ್ಟಿ, ಗೆದ್ದವಳಂತೆ ಮನೆಗೆ ಬಂದಳು. ಬರುವಾಗ ಕೆಂಪು ಕೈಗವಸು ಒಂದು ಎಲ್ಲೋ ಬಿದ್ದಿತ್ತು. ಅದೂ ಗೊತ್ತಾಗಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆತುರಗಾರ್ತಿಗೂ ಅಷ್ಟೇ.

ಮರುದಿನ ಬೆಳಗ್ಗೆ ಅಜ್ಜಿ ಬೇಯಿಸಿದ ಮೊಟ್ಟೆಯ ತಲೆಯನ್ನು ಚಮಚದಿಂದ ಕುಟ್ಟುತ್ತಿದ್ದಾಗ ಕಾಡಿನ ಕಡೆಯಿಂದ ಗರಗಸದ ಯಂತ್ರ ಗುರ್ರೆಂದಿತು.

"ಓಹೋ, ಶುರುವಾಯ್ತು! ಒಳ್ಳೇದಾಯ್ತು ಬಿಡು," ಅಜ್ಜಿಯ ಮುಖ ಅರಳಿತು. "ನಿಮ್ಮಜ್ಜ ಹೋದ್ಮೇಲೆ ಆ ಕಾಡಿನ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ನೆಲಕ್ಕೆ ಬೆಳಕು ಬಿದ್ರೆ ನೀಲಿಗಂಟೆ ಹೂ ಹೇಗೆ ಏಳ್ತವೆ ನೋಡ್ತಿರು."

"ಅಜ್ಜಿ, ನೀನು ಹೆದರಬೇಡ. ನಮ್ಮ ಚೆರ್ರಿ ಮರಕ್ಕೆ ಏನೂ ಆಗಲ್ಲ. ಅದಕ್ಕೂ ಹಳದಿ ಬಳೆ ಬಳಿದಿದ್ರು, ನಾನು ಉಜ್ಜಿ ಉಜ್ಜಿ ತೆಗೆದುಬಿಟ್ಟೆ!"

ಚಮಚ ತಟ್ಟೆಗೆ ಬಿತ್ತು.

"ಏನು ತೆಗೆದೆ?"

"ಬಣ್ಣ..."

"ಅಯ್ಯೋ ಮಂಕೇ! ಅಯ್ಯೋ ನನ್ನ ಬೆಪ್ಪುತಕ್ಕಡೀ! ರಸ್ತೆ ಬದಿ ಕಡಿಯೋ ಮರಕ್ಕೆ ಗುರುತು ಹಾಕ್ತಾರೆ, ಯಾಕಂದ್ರೆ ಕಡಿಯೋದು ಕೆಲವೇ. ಕಾಡಲ್ಲಿ ಒಂದು ಪಾಲು ಪೂರ್ತಿ ಕಡೀತಾರೆ, ಬುಡದಿಂದ ಮತ್ತೆ ಚಿಗುರಲಿ ಅಂತ. ಅಲ್ಲಿ ಗುರುತು ಹಾಕೋದು ಉಳಿಸೋ ಮರಕ್ಕೆ! ನಿಮ್ಮಜ್ಜ ನಲವತ್ತು ವರ್ಷ ಸುಣ್ಣದ ಡಬ್ಬಿ ಹಿಡ್ಕೊಂಡು ಮಾಡಿದ್ದೇ ಅದು!"

ಹೆಸ್ಟರ್ ಕುರ್ಚಿಯಿಂದ ದಡಕ್ಕನೆ ಎದ್ದಳು.

"ಅಂದ್ರೆ... ಬಳೆ ಇಲ್ಲದ ಮರ..."

"ಸೌದೆ!" ಅಜ್ಜಿ ಎದೆ ಹಿಡಿದುಕೊಂಡಳು. "ಏಳುನೂರು ವರ್ಷದ ಹಿಂದೆ ಸನ್ಯಾಸಿನಿಯರು ಏನು ಉಣ್ತಿದ್ರು ಅಂತ ಗೊತ್ತು, ಸ್ವಂತ ಅಜ್ಜ ಏನು ಮಾಡ್ತಿದ್ದ ಅಂತ ಗೊತ್ತಿಲ್ಲ! ನಿಂತು ಏನು ನೋಡ್ತೀಯ? ಓಡು!"

ಅವಳು ಓಡಿದಳು. ರಾತ್ರಿಯುಡುಪಿನ ಮೇಲೆ ಕೋಟು, ಬರಿಗಾಲಿಗೆ ಅಜ್ಜಿಯ ರಬ್ಬರ್ ಬೂಟು. ಬೇಲಿ ಹತ್ತಿ ಹಾರಿದಳು, ಹುಲ್ಲಿನ ಹಿಮದಲ್ಲಿ ಜಾರಿದಳು, ಎದ್ದಳು. 'ಅವನು ಹೇಳೋಕೆ ಬಂದಿದ್ದ! ಮೂರು ಸಲ ಬಾಯಿ ತೆರೆದ. ಒಂದು ನಿಮಿಷ... ಒಂದೇ ಒಂದು ನಿಮಿಷ ಕೇಳಿದ್ರೆ ಗಂಟು ಹೋಗ್ತಿತ್ತಾ ನಿಂದು?' ಕಣ್ಣೀರು ಚಳಿಗೆ ಕೆನ್ನೆಯ ಮೇಲೇ ತಣ್ಣಗಾಯಿತು.

ದಿಬ್ಬ ಹತ್ತುವಷ್ಟರಲ್ಲಿ ಗರಗಸದ ಸದ್ದು ಸರಿಯಾಗಿ ಚೆರ್ರಿ ಮರದ ದಿಕ್ಕಿನಿಂದಲೇ ಬರುತ್ತಿತ್ತು. ಮಠದ ಗೋಡೆಯ ಹತ್ತಿರ ಬಂದಾಗ... ನಿಂತೇ ಹೋಯಿತು.

ಮುಗಿಯಿತು!

ಅವಳು ಗೋಡೆ ಹಿಡಿದು ನಿಂತಳು. ಕಣ್ಣು ಮುಚ್ಚಿಕೊಂಡೇ ಕಮಾನು ದಾಟಿದಳು. ಹಿಂದಿನ ದಿನ ಪೊದೆ ಇದ್ದಲ್ಲೆಲ್ಲ ಈಗ ಬಯಲು, ತಾಜಾ ಮರದ ವಾಸನೆ. ಹೆದರುತ್ತಾ ಒಂದು ಕಣ್ಣು ತೆರೆದಳು.

ಚೆರ್ರಿ ಮರ ನಿಂತಿತ್ತು.

ಬರಿದೇ ನಿಂತಿರಲಿಲ್ಲ. ಸ್ವೆಟರ್ ತೊಟ್ಟು ನಿಂತಿತ್ತು! ಸಾಸಿವೆ ಬಣ್ಣದ ಸ್ವೆಟರಿನ ಎರಡೂ ತೋಳುಗಳು ಕಾಂಡವನ್ನು ತಬ್ಬಿ, ಹಿಂದೆ ಗಂಟು ಬಿದ್ದಿದ್ದವು. ಅದರ ಪಕ್ಕದಲ್ಲಿ ತೆಳ್ಳನೆಯ ಅಂಗಿಯಲ್ಲಿ, ತುಟಿ ನೀಲಿಯಾಗಿ, ಹಲ್ಲು ಕಟಕಟ ಎನ್ನಿಸುತ್ತಾ ರೂಬೆನ್ ನಿಂತಿದ್ದ. ಇಬ್ಬರು ಕೆಲಸದವರು ಅತ್ತ ಬೆನ್ನು ಹಾಕಿ ನಗು ತಡೆಯುತ್ತಿದ್ದರು.

"ಡ-ಡಬ್ಬಿ ತೆಗೆದ್ರೆ ಬಣ್ಣ ಮುಗಿದಿತ್ತು," ಎಂದ ಅವನು. "ಪೇಟೆಯಲ್ಲಿ ಅಂಗಡಿ ತೆಗೆಯೋದು ಒಂಬತ್ತಕ್ಕೆ. ಇವರು ಏಳೂವರೆಗೇ ಬಂದ್ರು. ಹಳದಿ ಅಂತ ನನ್ನ ಹತ್ತಿರ ಇದ್ದಿದ್ದು ಇದೊಂದೇ."

ಹೆಸ್ಟರ್ ಗಂಟು ಬಿದ್ದ ಸ್ವೆಟರಿನ ತೋಳನ್ನು ಮುಟ್ಟಿ ನೋಡಿದಳು.

"ಬಣ್ಣ ಒರೆಸಿದ್ದು..."

"ಗೊತ್ತು." ಅವನು ಜೇಬಿನಿಂದ ಕೆಂಪು ಕೈಗವಸು ತೆಗೆದ. "ಬುಡದಲ್ಲಿ ಬಿದ್ದಿತ್ತು. ನಿನ್ನೆ ಇದೇ ಕೈ ತಾನೇ ನನ್ನ ಮೂಗಿನ ಮುಂದೆ ಆಡ್ತಿದ್ದಿದ್ದು?"

"ಬೈಯೋದಿಲ್ವಾ ನೀವು?"

"ಒಂದು ಮರಕ್ಕೋಸ್ಕರ ಇಷ್ಟು ಉಜ್ಜಿದವರನ್ನ ಹೇಗೆ ಬೈಯೋದು? ಟರ್ಪೆಂಟೈನ್ ಹಾಕಿ ಬೇರೆ ಉಜ್ಜಿದ್ದೀರಿ!"

"ಕಾಡು ತುಂಬ ಮರ ಇದೆ. ಇದನ್ನೇ ಯಾಕೆ ಉಳಿಸ್ಬೇಕು ಅಂದ್ಕೊಂಡ್ರಿ? ನಿಮಗೆ ನಮ್ಮಜ್ಜನ ವಿಷಯ ಗೊತ್ತೇ ಇರಲಿಲ್ವಲ್ಲ."

ಅವನು ಬೇರುಗಳ ನಡುವೆ ಬಗ್ಗಿ ತೋರಿಸಿದ. ಕಿವಿ ಮುರಿದ ಒಂದು ಹಳೆಯ ಟೀ ಕಪ್ಪು ಅಲ್ಲಿ ಪಾಚಿಯಲ್ಲಿ ಅರ್ಧ ಹೂತಿತ್ತು. ಯಾವುದೋ ಏಪ್ರಿಲ್‌ನಲ್ಲಿ ಅಜ್ಜಿ ಮರೆತು ಬಂದದ್ದು.

"ಇದನ್ನ ನೋಡಿದೆ. ಯಾರೋ ಈ ಮರದ ಹತ್ತಿರ ಬಂದು ಕೂತು ಟೀ ಕುಡೀತಾರೆ ಅನ್ನಿಸ್ತು. ಇಡೀ ಕಾಡಲ್ಲಿ ಮೊದಲ ಬಳೆ ಇದಕ್ಕೇ ತೊಡಿಸಿದೆ."

ಆಗ ಹೆಸ್ಟರ್ ಅತ್ತಳು. ಅಳುತ್ತಲೇ ತನ್ನ ಕೋಟು ಬಿಚ್ಚಿ ಅವನ ಹೆಗಲಿಗೆ ಹೊದಿಸಿದಳು. ಹೊದಿಸಿದ ಮೇಲೆ ನೆನಪಾಯಿತು, ಒಳಗಿದ್ದದ್ದು ಮೊಲಗಳ ಚಿತ್ರದ ರಾತ್ರಿಯುಡುಪು!

"ಮೊಲ ಚೆನ್ನಾಗಿವೆ," ಎಂದ ಅವನು ಗಂಭೀರವಾಗಿ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅಲ್ಲಿಂದ ಮುಂದೆ ದಿನಾ ಹನ್ನೊಂದು ಗಂಟೆಗೆ ಕಾಡಿಗೆ ಟೀ ಹೋಗತೊಡಗಿತು. ಮೊದಲ ವಾರ ಅದು ತಪ್ಪಿಗೆ ದಂಡವಾಗಿತ್ತು. ಎರಡನೆಯ ವಾರ ಜೊತೆಗೆ ಕೇಕ್ ಬಂತು. ಮೂರನೆಯ ವಾರ 'ನೀವು' ಹೋಗಿ 'ನೀನು' ಬಂತು. ಭಾನುವಾರದ ಮಂದಿಗೆ ಹೆಸ್ಟರ್ ಮಠದ ಗೋಡೆಗಿಂತ ಹೆಚ್ಚು ಹೊತ್ತು ಹಳದಿ ಬಳೆಯ ಕಥೆ ಹೇಳುತ್ತಿದ್ದಳು, ತನ್ನ ಪೆದ್ದುತನವನ್ನೂ ಬಿಡದೆ. ಆ ಕಥೆ ಕೇಳಲು ಅವನು ಪ್ರತಿ ಸಲ ಹಿಂದಿನ ಸಾಲಿನಲ್ಲಿ ಹಾಜರು.

ಮಾರ್ಚ್ ಮುಗಿಯಿತು. ಹಕ್ಕಿಗಳು ಗೂಡು ಕಟ್ಟತೊಡಗಿದವು, ಗರಗಸಗಳು ಮೌನವಾದವು. ಕಡಿದ ಕೋಲುಗಳನ್ನು ಕಟ್ಟಿ ಸಾಗಿಸುವ ಕೆಲಸ ಮಾತ್ರ ಬಾಕಿ. ಒಂದು ದಿನ ಟೀ ಕುಡಿಯುತ್ತಾ ರೂಬೆನ್ ಹೇಳಿದ, "ಉತ್ತರದ ಕಡೆ ಒಂದು ದೊಡ್ಡ ಕಾಡಿಂದ ಕಾಗದ ಬಂದಿದೆ. ಮೇ ಒಂದರಿಂದ ಬಾ ಅಂತ."

'ಬೇಡ ಅನ್ನು... ಹೋಗಬೇಡ ಅನ್ನು ಹೆಸ್ಟರ್!'

"ಓ... ದೊಡ್ಡ ಕಾಡಾ? ಒಳ್ಳೇದೇ ಅಲ್ವಾ," ಎಂದಳು ಅವಳು.

"ಹೂಂ. ಒಳ್ಳೇದೇ," ಎಂದ ಅವನು. ಕೇಕ್ ಮುಟ್ಟಲಿಲ್ಲ.

ಆ ಸಂಜೆ ಹೆಸ್ಟರ್ ತಟ್ಟೆಗಳನ್ನು ತೊಳೆಯುವ ಸದ್ದಿಗೇ ಅಜ್ಜಿಗೆ ಎಲ್ಲ ಅರ್ಥವಾಯಿತು.

"ಆ ಹುಡುಗ ಇಷ್ಟಾನಾ?"

"ಅಜ್ಜೀ!"

"ತಟ್ಟೆ ಒಡೀಬೇಡ, ಉತ್ತರ ಹೇಳು."

"ಇಷ್ಟ... ತುಂಬಾ ಇಷ್ಟ. ಆದ್ರೆ ಅವನಿಗೆ ಇರೋ ಮನಸ್ಸಿದ್ರೆ ಇರ್ತಾನೆ. ನಾನು ಯಾಕೆ ಕೇಳಲಿ?"

ಅತ್ತೆಯರು ಸೊಸೆಯರನ್ನು ನೋಡುವ ನೋಟದಲ್ಲಿ ಅಜ್ಜಿ ಮೊಮ್ಮಗಳನ್ನು ನೋಡಿದಳು.

"ಒಂದು ಸಲ ಕೆಟ್ಟ ಮೇಲೂ ಬುದ್ಧಿ ಬರಲಿಲ್ವಾ ನಿನಗೆ? ಗುರುತು ಹಾಕದ ಮರ ತಾನಾಗಿ ಉಳಿಯಲ್ಲ ಕಂದಾ."

ಹೆಸ್ಟರ್ ಕೈಯಲ್ಲಿದ್ದ ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಏಪ್ರಿಲ್ ಕೊನೆಯ ವಾರ ಚೆರ್ರಿ ಮರ ಒಂದೇ ರಾತ್ರಿಯಲ್ಲಿ ಬೆಳ್ಳಗಾಯಿತು. ಕೆಳಗೆ ಬೆಳಕು ಬಿದ್ದ ನೆಲದಲ್ಲೆಲ್ಲ ನೀಲಿಗಂಟೆ ಹೂ, ಮಠದ ಗೋಡೆಯವರೆಗೂ ನೀಲಿ! ಅಜ್ಜಿ ಮಂಡಿ ಮರೆತು ಮುಂದೆ ಮುಂದೆ ನಡೆದಳು. ಮರದ ಹತ್ತಿರ ರೂಬೆನ್ ಕಾಯುತ್ತಿದ್ದ. ಅದೇ ಸಾಸಿವೆ ಸ್ವೆಟರ್, ಮರ ತೊಟ್ಟು ಹಿಗ್ಗಿದ ತೋಳುಗಳು ಬೆರಳು ದಾಟಿ ನೇತಾಡುತ್ತಿದ್ದವು.

ಹೆಸ್ಟರ್ ಚೀಲದಿಂದ ಒಂದು ಡಬ್ಬಿ ತೆಗೆದಳು.

"ತೋಳು ಮೇಲೆ ಮಾಡು. ಕೈ ಚಾಚು."

"ಯಾಕೆ?"

"ಒಂದು ನಿಮಿಷ ಸುಮ್ಮನಿರು ಅಂದೆ!"

ಅವನು ಕೈ ಚಾಚಿದ. ಅವಳು ಕುಂಚ ಅದ್ದಿ ಅವನ ಮಣಿಕಟ್ಟಿನ ಸುತ್ತ ನಿಧಾನವಾಗಿ, ಒಂದು ಸುತ್ತು, ಹಳದಿ ಬಳೆ ಬರೆದಳು.

"ಇದರ ಅರ್ಥ ಗೊತ್ತು ತಾನೇ ನಿನಗೆ?" ಅವಳು ಕುಂಚ ಕೆಳಗಿಟ್ಟಳು. "ಇದು... ಉಳೀಬೇಕು ಅಂತ. ಹೋಗಬೇಡ ರೂಬೆನ್. ನಿನ್ನನ್ನ ಪ್ರೀತಿಸ್ತೀನಿ."

ಅವನು ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಕಾಗದ ತೆಗೆದ. ಮಡಿಕೆಗಳೆಲ್ಲ ಸವೆದಿದ್ದವು.

"ಮೂರು ವಾರದಿಂದ ಜೇಬಲ್ಲೇ ಇದೆ. ಬರ್ತೀನಿ ಅಂತಾನೂ ಬರೆದಿಲ್ಲ, ಬರಲ್ಲ ಅಂತಾನೂ ಇಲ್ಲ. ನೀನು 'ಒಳ್ಳೇದೇ' ಅಂದ ದಿನ ನಾನು ಸೌದೆ ಅಂತಾನೇ ಅಂದ್ಕೊಂಡಿದ್ದೆ." ಅವನ ಕಣ್ಣು ತುಂಬಿ ನಗುತ್ತಿತ್ತು. "ಈ ಕಾಡಲ್ಲಿ ಇನ್ನೂ ಆರು ಪಾಲು ಕಡಿಯೋದಿದೆ, ವರ್ಷಕ್ಕೊಂದು. ಮಾಡ್ತೀಯಾ ಅಂತ ಯಜಮಾನರು ಕೇಳ್ತಾನೇ ಇದ್ದಾರೆ. ಮಾಡ್ತೀನಿ ಅಂತ ನಾಳೆನೇ ಹೇಳ್ತೀನಿ."

"ಆರು ವರ್ಷ ಆದ್ಮೇಲೆ?"

"ಮೊದಲನೇ ಪಾಲು ಮತ್ತೆ ಬೆಳೆದಿರತ್ತೆ ಪೆದ್ದಿ."

"ರೀ ಪ್ರೇಮಿಗಳೇ, ಟೀ ಆರ್ತಾ ಇದೆ!" ಅಜ್ಜಿ ಎರಡು ಕಪ್ ತುಂಬಿ ಕೂತಿದ್ದಳು. ಪ್ರತಿ ವರ್ಷ ಬುಡಕ್ಕೆ ಸುರಿಯುವ ಆ ಎರಡನೆಯ ಕಪ್ಪನ್ನು ಅವಳು ಒಂದು ಕ್ಷಣ ಎದೆಗೆ ಹಿಡಿದುಕೊಂಡು, ಮರದ ಕಡೆ ನೋಡಿ, ರೂಬೆನ್ ಕಡೆ ಚಾಚಿದಳು. "ತಗೋಪ್ಪಾ. ಆ್ಯಂಬ್ರೋಸ್ ಏನೂ ಅಂದ್ಕೊಳ್ಳಲ್ಲ."

ಅವನು ಒಂದು ಗುಟುಕು ಬುಡಕ್ಕೆ ಸುರಿದು, ಉಳಿದದ್ದನ್ನು ಹೆಸ್ಟರ್ ಜೊತೆ ಹಂಚಿಕೊಂಡು ಕುಡಿದ. ಬಿಳಿ ಎಸಳುಗಳು ಮೂವರ ತಲೆಯ ಮೇಲೂ ಬೀಳುತ್ತಿದ್ದವು.

"ಹೆಸ್ಟರ್..."

"ಹೂಂ?"

"ಮೊದಲ ದಿನ ನನ್ನ ಮುಖಕ್ಕೂ ಬಳೀತೀನಿ ಅಂದಿದ್ದೆ ನೀನು. ಅದು ಬಾಕಿ ಇದೆ."

ಅವಳು ಕುಂಚವನ್ನು ಕೈಗೆತ್ತಿಕೊಂಡಳು, ಅವನ ಮೂಗಿನ ತನಕ ತಂದಳು. ಆಮೇಲೆ ಅದನ್ನು ಡಬ್ಬಿಯ ಮೇಲೆ ಇಟ್ಟು, ಆ ಮೂಗಿನ ತುದಿಗೇ ಮುತ್ತು ಕೊಟ್ಟಳು.

"ಇದು ಟರ್ಪೆಂಟೈನ್ ಹಾಕಿದ್ರೂ ಹೋಗಲ್ಲ," ಎಂದಳು.