ವಿಕಾಸನಿಗೆ ಬಡಿಸಿದ ದೋಸೆ

ಕರಾವಳಿಯಲ್ಲಿ ಹುಟ್ಟಿದ ಅಷ್ಟೂ ನಾಲಿಗೆಗಳನ್ನು ಸಾಲಾಗಿ ಕೂರಿಸಿ ಪರೀಕ್ಷೆ ಇಟ್ಟರೆ ಮೊದಲ ಬಹುಮಾನ ನನ್ನ ನಾಲಿಗೆಗೆ. ಎರಡನೆಯದು ಯಾರಿಗೆ ಎಂಬ ಬಗ್ಗೆ ಬೇಕಾದರೆ ಚರ್ಚೆ ನಡೆಯಲಿ. ಸಾರಿಗೆ ಬಿದ್ದ ಕೊತ್ತಂಬರಿಯನ್ನು ಯಾವ ಅಂಗಡಿಯಿಂದ ತಂದದ್ದು, ಚೌಕಾಸಿ ಮಾಡಿ ತಂದದ್ದೋ ಹೇಳಿದ ಬೆಲೆಗೇ ತಂದದ್ದೋ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಮೆರಿಕದ ಕಾರ್ಲ್ಸ್‌ಬಾಡ್‌ನ ಬಯೋಟೆಕ್ ಕಂಪನಿಯೊಂದು ನನಗೆ ಸಂಬಳ ಕೊಡುವುದೇನೋ ಹೌದು. ಆದರೆ ನನ್ನ ನಿಜವಾದ ಉದ್ಯೋಗ ತಿನ್ನುವುದು.

ಇಂಥ ನಾನು, ಉಡುಪಿಯ ಜಿತೇಶ್, ವಯಸ್ಸು ಮೂವತ್ತಾರು, ಇನ್ನೂ ಮದುವೆಯಾಗದವನು, 2023ರ ಮೇ ತಿಂಗಳ ಒಂದು ಶನಿವಾರ ಸಂಜೆ ಸ್ಯಾನ್ ಡಿಯಾಗೋದ ಎಲ್ ಕಹೋನ್ ಬುಲೆವಾರ್ಡ್‌ನಲ್ಲಿ, ವಿಯೆಟ್ನಾಮಿ ಬೀದಿ ತಿಂಡಿಗಳ ವಾಕಿಂಗ್ ಟೂರ್ ಹೊರಡುವ ಜಾಗಕ್ಕೆ ಬುಕಿಂಗೇ ಇಲ್ಲದೆ ಹೋಗಿ ನಿಂತೆ.

ಗೈಡ್ ಹೆಸರು ಲಿಯೆನ್. ಅರವತ್ತು ದಾಟಿದವರು, ಎತ್ತರ ನನ್ನ ಮೊಣಕೈವರೆಗೆ. ಹನ್ನೆರಡು ಜನಕ್ಕಷ್ಟೇ ಜಾಗ, ಫುಲ್ ಆಗಿದೆ ಎಂದರು. ನಾನು ನನ್ನ ನಾಲಿಗೆಯ ಇತಿಹಾಸವನ್ನು ಸಂಕ್ಷೇಪವಾಗಿ, ಅಂದರೆ ಹತ್ತೇ ನಿಮಿಷದಲ್ಲಿ ವಿವರಿಸಿದೆ. ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಕೊನೆಗೆ ಕೈಯಲ್ಲಿದ್ದ ಹಾಳೆಯಿಂದ ಹೆಸರಿನ ಸ್ಟಿಕ್ಕರ್ ಒಂದನ್ನು ಕಿತ್ತು ನನ್ನ ಎದೆಗೆ ಅಂಟಿಸಿ, ಒಬ್ಬರು ಬರುವುದಿಲ್ಲವಂತೆ, ಇವತ್ತಿನ ಮಟ್ಟಿಗೆ ನೀನು ಅವರೇ ಎಂದು ಮುಂದೆ ನಡೆದರು.

ತಲೆ ಬಗ್ಗಿಸಿ ನೋಡಿದೆ. ‘ವಿಕಾಸ್.’

ನಡೆಯುವಾಗ ನನಗೆ ಜೋಡಿಯಾಗಿ ಬಂದವಳು ಶ್ರೀಜಾ. ತಿಳಿನೀಲಿ ಕುರ್ತಾ, ಭುಜಕ್ಕೆ ಬಟ್ಟೆಯ ಚೀಲ, ಎಡಗೈಯಲ್ಲಿ ಬೆಲ್ಟ್ ಸಡಿಲಾದ ದೊಡ್ಡ ಗಡಿಯಾರ. ಸ್ಯಾಂಟಾ ಕ್ಲಾರಿಟಾದಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಳಂತೆ. ಮಂಗಳೂರಿನವರ ಮಗಳು, ಬೆಂಗಳೂರಿನಲ್ಲಿ ಬೆಳೆದವಳು. ತುಳು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ ನಡೆಯಿತು.

ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಎದೆಯನ್ನು. ಒಂದು ಸಲ ನೋಡುವುದು, ಕಣ್ಣು ತಪ್ಪಿಸುವುದು, ನಾಲ್ಕು ಹೆಜ್ಜೆ ನಡೆದು ಮತ್ತೆ ನೋಡುವುದು. ಆರು ತಿಂಗಳಿನಿಂದ ಜಿಮ್‌ಗೆ ಹೋಗುತ್ತಿದ್ದ ನನಗೆ ಇದರ ಅರ್ಥ ಬಿಡಿಸಲು ಕಷ್ಟವಾಗಲಿಲ್ಲ.

ಸುಮ್ಮನಿರುವುದುಂಟೇ? ಮೊದಲ ಅಂಗಡಿಯಲ್ಲಿ ಪುಟ್ಟ ಕಿತ್ತಳೆ ಹಿಂಡಿದ ಕಬ್ಬಿನ ಹಾಲು ಕೊಟ್ಟರು. ನಮ್ಮಜ್ಜ ಒಂದಿಡೀ ಕಬ್ಬಿನ ಗದ್ದೆಯನ್ನು ಗಾಣವಿಲ್ಲದೆ, ಬರೀ ಹಲ್ಲಿನಿಂದ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ ಕಥೆ ಹೇಳಿದೆ. ಅವಳು ಗ್ಲಾಸಿನ ಅಂಚಿನ ಮೇಲಿಂದ ಒಂದು ಹುಬ್ಬು ಮಾತ್ರ ಎತ್ತಿ, ಅಜ್ಜನಿಗೆ ಹಲ್ಲು ಎಷ್ಟಿದ್ದವು ಎಂದು ಕೇಳಿದಳು. ನಾಲ್ಕು, ಎಂದೆ. ಕಬ್ಬಿನ ಹಾಲು ಅವಳ ಮೂಗಿಗೆ ಹತ್ತಿತು. ಕೆಮ್ಮುತ್ತ ನಗುತ್ತ ಗೋಡೆಗೆ ಒರಗಿದಳು. ಆಮೇಲೆ ತಾನು ನಕ್ಕದ್ದನ್ನು ಯಾರಾದರೂ ಕಂಡರೇನೋ ಎನ್ನುವಂತೆ ಸುತ್ತ ನೋಡಿದಳು.

ಮೂರನೆಯದು ದೋಸೆಯ ಅಂಗಡಿ. ಅವರು ಅದನ್ನು ಬಾನ್ ಸೆಯೊ ಎನ್ನುತ್ತಾರೆ. ನನ್ನ ನಾಲಿಗೆಯ ಪ್ರಕಾರ ಅರಿಶಿನ ಬಳಿದುಕೊಂಡು ಪರದೇಶಕ್ಕೆ ಹೋದ ನೀರು ದೋಸೆ. ಅಕ್ಕಿ, ತೆಂಗಿನ ಹಾಲು, ಒಳಗೆ ಸಿಗಡಿ, ಮೊಳಕೆ ಕಾಳು. ಚೂರು ಮುರಿದು, ಸೊಪ್ಪಿನ ಎಲೆಯಲ್ಲಿ ಸುತ್ತಿ, ಮೀನಿನ ರಸದ ಬಟ್ಟಲಿನಲ್ಲಿ ಅದ್ದಿ ತಿನ್ನಬೇಕು.

ಆದರೆ ಮೊದಲ ದೋಸೆ ನಮಗೆ ಬರಲಿಲ್ಲ. ಅಂಗಡಿಯ ಯಜಮಾನಿ ಅದನ್ನು ಒಯ್ದು ಗೋಡೆಯ ಮೇಲಿನ ಪುಟ್ಟ ಮಂಟಪದಲ್ಲಿ, ಒಬ್ಬ ಮುದುಕರ ಫೋಟೋ ಮುಂದೆ ಇಟ್ಟು ಊದುಬತ್ತಿ ಹಚ್ಚಿದಳು. ಲಿಯೆನ್ ವಿವರಿಸಿದರು. ಇವತ್ತು ಆಕೆಯ ತಂದೆ ತೀರಿಕೊಂಡ ದಿನ. ವರ್ಷಕ್ಕೊಮ್ಮೆ ಅವರಿಗೆ ಇಷ್ಟವಾದದ್ದನ್ನು ಇಡುತ್ತಾರೆ. ಊದುಬತ್ತಿ ಉರಿದು ಮುಗಿಯುವ ತನಕ ಅವರ ಊಟ. ಅಲ್ಲಿಯವರೆಗೆ ಮನೆಯವರು ತಿನ್ನುವುದಿಲ್ಲ, ಗಿರಾಕಿಗಳು ತಿನ್ನಬಹುದು.

ಶ್ರೀಜಾ ತಿನ್ನಲಿಲ್ಲ. ಊದುಬತ್ತಿಯನ್ನೇ ನೋಡುತ್ತ ಕೂತಿದ್ದಳು. ನಾನು ಇನ್ನೊಂದು ಜೋಕಿಗೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ನಿಮ್ಮ ಎದೆ ಮೇಲೆ ಇರೋದು ನನ್ನ ಗಂಡನ ಹೆಸರು.”

“ಓ. ಬರಕ್ಕಾಗ್ಲಿಲ್ವಾ ಅವರಿಗೆ?”

“ಟ್ವೆಂಟಿ ಟ್ವೆಂಟಿ ಡಿಸೆಂಬರ್‌ನಲ್ಲಿ ಹೋಗ್ಬಿಟ್ರು.”

ನನ್ನ ಹತ್ತಿರ ಎಂಥ ಸಂದರ್ಭಕ್ಕೂ ನಲವತ್ತು ಮಾತು ಸ್ಟಾಕ್ ಇರುತ್ತವೆ. ಅವತ್ತು ಉಗ್ರಾಣ ಬರಿದು. ಸ್ಟಿಕ್ಕರನ್ನು ಮೆಲ್ಲಗೆ ಬಿಡಿಸಿದೆ. ಮುದುರಿ ಜೇಬಿಗೆ ಹಾಕುವ ಹಾಗಿಲ್ಲ, ಎಸೆಯುವ ಹಾಗಂತೂ ಇಲ್ಲ. ಅವಳ ಮಗ್ಗುಲಿನ ಖಾಲಿ ಕುರ್ಚಿಯ ಬೆನ್ನಿಗೆ ಅಂಟಿಸಿ, ನನ್ನ ದೋಸೆಯ ತಟ್ಟೆಯನ್ನು ಆ ಕುರ್ಚಿಯ ಮುಂದಕ್ಕೆ ಸರಿಸಿದೆ.

ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು.

ಇಬ್ಬರೂ ಸೇರಿ ಬುಕ್ ಮಾಡಿದ್ದ ಟೂರಂತೆ, 2020ರ ಮಾರ್ಚ್‌ನದು. ಲಾಕ್‌ಡೌನ್ ಆಗಿ ನಿಂತುಹೋಯಿತು. ಇಬ್ಬರ ಹೆಸರಿನ ಅದೇ ಟಿಕೆಟ್ಟನ್ನು ಅವಳು ಈಗ ಬಳಸಿಕೊಂಡಿದ್ದಳು. ವರ್ಷದ ಕೊನೆಗೆ ವಿಕಾಸ್ ಆಸ್ಪತ್ರೆ ಸೇರಿದ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಫೋನಿನಲ್ಲಿ ಅವನ ಕೊನೆಯ ಮೆಸೇಜು ಈ ಹಳದಿ ದೋಸೆಯ ಫೋಟೋ, ಅದರ ಕೆಳಗೆ ‘ಬಂದ ಕೂಡ್ಲೇ ಇದಕ್ಕೆ ಹೋಗೋಣ’ ಎಂದು.

ಅವಳು ಸುಮ್ಮನೆ ಊರು ಸುತ್ತಲು ಬಂದವಳಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ನಡುವೆ, ತೀರಿಹೋದ ಹಿರಿಯರಿಗೆ ಅವರ ಇಷ್ಟದ ಅಡುಗೆಯನ್ನು ಬಾಳೆಎಲೆಯಲ್ಲಿ ಬಡಿಸುತ್ತೇವೆ. ಬಡಿಸಿ ಕೋಣೆಯ ಬಾಗಿಲು ಹಾಕಿ, ಎಲ್ಲರೂ ಹೊರಗೆ ಕಾಯುತ್ತೇವೆ. ವಿಕಾಸನಿಗೆ ಇನ್ನೂ ಬಡಿಸಿರಲಿಲ್ಲ.

“ನಾನೇ ಬೇಡ ಅಂದಿದ್ದೆ. ಒಂದ್ಸಲ ಬಡಿಸಿದ್ರೆ ಹಿರಿಯರ ಸಾಲಿಗೆ ಸೇರಿಸಿದ ಹಾಗೆ ಅಂತಾರೆ ಅತ್ತೆ. ಮೂವತ್ತೆಂಟಕ್ಕೆ ಯಾರಾದ್ರೂ ಹಿರಿಯರಾಗ್ತಾರಾ?”

ಈ ವರ್ಷ ಅವಳು ಒಪ್ಪಿದ್ದಳು. ಆದರೆ ಎಲೆಯಲ್ಲಿ ಈ ದೋಸೆ ಇರಬೇಕು, ಅದನ್ನು ತಾನೇ ಕೈಯಾರೆ ಮಾಡಬೇಕು ಎಂದು ಹಟ. ಮಾಡಲು ಬರುವುದಿಲ್ಲ.

ಲೋಕದಲ್ಲಿ ಈ ದೋಸೆಯ ಗುಟ್ಟನ್ನು ನಾಲಿಗೆಯಿಂದಲೇ ಬಿಡಿಸಬಲ್ಲವನು ಒಬ್ಬನೇ ಇದ್ದಾನೆ, ಅವನು ನಿಮ್ಮ ಎದುರಿಗೇ ಕೂತಿದ್ದಾನೆ ಎಂದುಬಿಟ್ಟೆ.

ಅಂದಿನಿಂದ ಪ್ರತಿ ಶನಿವಾರ ಕಾರ್ಲ್ಸ್‌ಬಾಡ್‌ನಿಂದ ಸ್ಯಾಂಟಾ ಕ್ಲಾರಿಟಾ. ಲಾಸ್ ಏಂಜಲೀಸ್ ಟ್ರಾಫಿಕ್ಕಿನಲ್ಲಿ ನಾನು ಕಳೆದ ಗಂಟೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಮನುಷ್ಯ ಚಂದ್ರನಿಗೆ ಹೋಗಿ, ಅಲ್ಲಿ ಪಾರ್ಕಿಂಗ್ ಸಿಗದೆ ವಾಪಸು ಬರಬಹುದು.

ಶ್ರೀಜಾಳ ಅತ್ತೆಯ ಹೆಸರು ವತ್ಸಲಾ; ನಾನು ಆಂಟಿ ಎನ್ನುತ್ತಿದ್ದೆ. ಮಗ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದ. ಮಗ ಹೋದ ಮೇಲೆ ಸೊಸೆಯ ಜೊತೆ ಉಳಿದರು. ಅವರ ಕನ್ನಡದಲ್ಲಿ ಉಡುಪಿ ಹಾಗೇ ಇತ್ತು. ಮೊದಲ ವಾರ ನಾನು ತಂದ ಮೀನಿನ ರಸದ ಬಾಟಲಿಯ ಮುಚ್ಚಳ ತೆಗೆದು ಮೂಸಿ, “ಇದು ಎಂತ ಮಾರಾಯ, ಮಲ್ಪೆ ಬಂದರನ್ನೇ ಬಾಟ್ಲಿಗೆ ತುಂಬಿಸಿದ್ದಾರಾ?” ಎಂದರು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿದ ತಮಾಷೆ ಅದು ಎಂದು ಶ್ರೀಜಾ ಆಮೇಲೆ ಹೇಳಿದಳು.

ಮೊದಲ ವಾರದ ದೋಸೆ ಹರಿದು ಚಿಂದಿಯಾಯಿತು. ಎರಡನೇ ವಾರದ್ದನ್ನು ಕಾವಲಿಯಿಂದ ಬಿಡಿಸಲು ಬಡಗಿಯನ್ನು ಕರೆಸಬೇಕಿತ್ತು. ಮೂರನೇ ವಾರ ಅಂಗಡಿಯ ಅಕ್ಕಿಹಿಟ್ಟನ್ನು ಬದಿಗಿಟ್ಟು ಆಂಟಿಯೇ ಅಕ್ಕಿ ನೆನೆಸಿ ನುಣ್ಣಗೆ ಅರೆದು ಕೊಟ್ಟರು. ಶ್ರೀಜಾ ಹಿಟ್ಟು ಹೊಯ್ದು ಬಾಣಲೆಯನ್ನು ಓಲಾಡಿಸಿದಳು. ಚುಂಯ್ ಎಂದಿತು. ಅಂಚು ತಾನಾಗಿ ಎದ್ದಿತು. ನನ್ನ ನಾಲಿಗೆ ಅಲ್ಲಿ ಮಾಡಿದ ಕೆಲಸ ಏನು ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ.

ಅವಳ ಮಣಿಕಟ್ಟಿನಲ್ಲಿ ಅರಿಶಿನ. ಹಣೆಯ ಕೂದಲು ಸರಿಸಲು ಕೈ ಎತ್ತಿದಾಗ ಹುಬ್ಬಿಗೂ ಅರಿಶಿನ. ಹೇಳಲೋ ಬೇಡವೋ ಎಂದು ನಾನು ನೋಡುತ್ತ ನಿಂತರೆ, ಅವಳು ಬಾಣಲೆಯಿಂದ ಕಣ್ಣೆತ್ತದೆಯೇ, “ಸೀದು ಹೋಗುತ್ತೆ” ಎಂದಳು.

“ದೋಸೆನಾ?”

“ನನ್ನ ಹುಬ್ಬು. ಆಗಿಂದ ಅಲ್ಲೇ ನೋಡ್ತಿದ್ದೀರಿ.”

ತುಟಿ ಬಿಗಿದುಕೊಂಡಿದ್ದಳು. ಕೆನ್ನೆ ಮಾತ್ರ ಮಾತು ಕೇಳಲಿಲ್ಲ.

ಬೇರೆಯವರಾದರೆ ಪ್ರೀತಿಗೆ ಬೀಳುತ್ತಾರೆ. ನಾನು ಬೀಳಲಿಲ್ಲ, ಹದಿನೆಂಟು ಅಂತಸ್ತಿನ ಕಟ್ಟಡ ಕುಸಿದ ಹಾಗೆ ಕುಸಿದೆ. ಸದ್ದು ಮೆಕ್ಸಿಕೋದವರಿಗೂ ಕೇಳಿಸಿರಬೇಕು.

ಜುಲೈ ಕೊನೆಯ ಶನಿವಾರ ಕಾರಿನವರೆಗೆ ಕಳಿಸಿಕೊಡಲು ಬಂದಳು. ಬೆಟ್ಟಗಳ ಒಣಹುಲ್ಲಿನ ಮೇಲೆ ಸಂಜೆ ಬಿಸಿಲಿತ್ತು. ನಾನು ಕಾರಿನ ಬಾಗಿಲು ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

“ಏನೋ ಕೇಳ್ಬೇಕು ಅಂತಿದ್ದೀರಿ,” ಎಂದಳು. “ಮೂರು ವಾರದಿಂದ ಗೊತ್ತಾಗ್ತಿದೆ.”

“ಕೇಳ್ಲಾ?”

“ಈಗ ಬೇಡ. ಅವರಿಗೆ ಬಡಿಸಿ ಆಗ್ಲಿ. ಆಮೇಲೆ ಕೇಳಿ.” ಬಲಗೈ ಅವಳಿಗೆ ಗೊತ್ತಿಲ್ಲದೆ ನನ್ನ ತೋಳಿನ ಮೇಲೆ ಬಂದಿತ್ತು. ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಮನೆ ತಲುಪುವವರೆಗೆ ನನ್ನ ಕಾರು ನೆಲ ಮುಟ್ಟಲಿಲ್ಲ.

ಆಗಸ್ಟ್ ಹನ್ನೆರಡಕ್ಕೆ ದಿನ ಇಟ್ಟಿದ್ದರು. ಬಡಿಸಲು ವಿಕಾಸನ ಚಿಕ್ಕಪ್ಪನ ಮಗ ನಿತ್ಯಾನಂದ ಸ್ಯಾನ್ ಹೋಸೆಯಿಂದ ಬರಬೇಕಿತ್ತು. ಆ ಮನೆಯ ಕ್ರಮದಲ್ಲಿ ಮಗ ಬಡಿಸಬೇಕು, ಇಲ್ಲವಾದರೆ ತಮ್ಮ. ವಿಕಾಸನಿಗೆ ಮಕ್ಕಳಿಲ್ಲ; ತಮ್ಮನ ಲೆಕ್ಕಕ್ಕೆ ಅಮೆರಿಕದಲ್ಲಿದ್ದವನು ನಿತ್ಯಾನಂದ ಒಬ್ಬನೇ. ಕೋಳಿ ಸುಕ್ಕ ಆಗಿತ್ತು, ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ ಆಗಿತ್ತು, ನಮ್ಮ ಹಳದಿ ದೋಸೆ ಒಂದೊಂದಾಗಿ ಏಳುತ್ತಿತ್ತು. ಮೂರು ಗಂಟೆಗೆ ಫೋನ್ ಬಂತು. ಮಗಳಿಗೆ ನೂರಮೂರು ಜ್ವರ, ಏರ್‌ಪೋರ್ಟಿನಿಂದಲೇ ವಾಪಸು ಹೋಗುತ್ತಿದ್ದೇವೆ ಎಂದ ನಿತ್ಯಾನಂದ.

ಆಂಟಿ ಫೋನನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಬಡಿಸ್ತೀಯಾ ಮಗಾ? ಬಡಿಸಿದವನು ಅವನಿಗೆ ತಮ್ಮನೇ ಆಗ್ತಾನೆ. ನಮ್ಮ ಮನೇಲಿ ಹಾಗೆ ಉಂಟು. ಇವತ್ತಿಗೆ ಮಾತ್ರ ಅಲ್ಲ, ಮತ್ತೆ ಯಾವಾಗ್ಲೂ. ಆಗದಿದ್ರೆ ಹೇಳು, ಬೇಜಾರಿಲ್ಲ.”

ನನಗೆ ಅರ್ಥವಾಯಿತು. ವಿಕಾಸನ ತಮ್ಮನಾದವನು ಸಂಜೆ ಅವನ ಹೆಂಡತಿಯನ್ನು ಏನೆಂದು ಕೇಳುವುದು?

ಶ್ರೀಜಾ ಅಡುಗೆಮನೆಯ ಬಾಗಿಲಲ್ಲಿ ಸಟ್ಟುಗ ಹಿಡಿದು ನಿಂತಿದ್ದಳು. ನನ್ನನ್ನೇ ನೋಡಿದಳು. ರೆಪ್ಪೆ ಬಡಿಯಲಿಲ್ಲ. ಅವಳ ಕಣ್ಣು ಏನನ್ನೋ ಬೇಡುತ್ತಿತ್ತು. ಎರಡೂವರೆ ವರ್ಷ ಬೇಡ ಬೇಡ ಎಂದು ಕೊನೆಗೆ ಒಪ್ಪಿದವಳು, ಈಗ ಎಲೆ ಖಾಲಿ ಉಳಿದರೆ ಇವಳ ಗತಿಯೇನು ಎಂದುಕೊಂಡೆ. ಅವಳಿಗಾಗಿ ನಾನು ಮಾಡಬಹುದಾದ ದೊಡ್ಡ ಕೆಲಸ ಇದೊಂದೇ ಎಂದುಕೊಂಡೆ.

“ಆಯ್ತು ಆಂಟಿ,” ಎಂದೆ.

ಅವಳು ತಿರುಗಿ ಒಳಗೆ ಹೋದಳು.

ಕೋಣೆಯಲ್ಲಿ ಫೋಟೋ, ದೀಪ, ಬಾಳೆಎಲೆ. ಅನ್ನ, ಸುಕ್ಕ, ಪುಳಿಮುಂಚಿ, ಕೊನೆಗೆ ದೋಸೆ. ಮೀನಿನ ರಸ ಎಲೆಯ ತುದಿಗೆ ಚೂರು ಚೆಲ್ಲಿತು. ವಿಕಾಸ್ ನಗುತ್ತಿದ್ದ; ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ನನ್ನ ಬಗ್ಗೆ ಅವನಿಗೆ ಏನೂ ಹೇಳಬೇಕು ಅನಿಸಲಿಲ್ಲ. ಊಟ ಮಾಡಿ ಎಂದಷ್ಟೇ ಹೇಳಿ, ಹೊರಬಂದು ಬಾಗಿಲು ಎಳೆದುಕೊಂಡೆ.

ಮೂವರೂ ಹೊರಗೆ ನೆಲದ ಮೇಲೆ ಕೂತೆವು. ಆಂಟಿ ಸನ್ನೆ ಮಾಡಿದಾಗ ಎದ್ದು ಮೂರು ಸಲ ತಟ್ಟಿ ಬಾಗಿಲು ತೆರೆದೆ. ದೋಸೆಯ ಬಿಸಿ ಆರಿತ್ತು. ಶ್ರೀಜಾ ಹೊಸ್ತಿಲಲ್ಲೇ ಕುಸಿದು ಅತ್ತಳು. ಅಷ್ಟು ದಿನ ಸಾಲಿಗೆ ಸೇರಿಸದೆ ಹಿಡಿದಿಟ್ಟುಕೊಂಡವನನ್ನು ಅವಳು ಬಿಟ್ಟುಕೊಟ್ಟದ್ದು ಆಗ. ಆಂಟಿ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. ನಾನು ಎರಡು ಅಡಿ ದೂರದಲ್ಲಿದ್ದೆ. ಅಲ್ಲೇ ಇದ್ದೆ.

ಊಟವಾದ ಮೇಲೆ ಕಾರಿನ ಹತ್ತಿರ ಬಂದಳು. ಇನ್ನೂ ಬೆಳಕಿತ್ತು. ಪಕ್ಕದ ಮನೆಯವರು ಲಾನ್‌ಗೆ ನೀರು ಬಿಟ್ಟಿದ್ದರು.

“ನೀವು ಇಲ್ಲ ಅಂತೀರಿ ಅಂತ ಕಾಯ್ತಿದ್ದೆ,” ಎಂದಳು.

“ನೀವು ನನ್ನ ಕಡೆ ನೋಡಿದ್ರಲ್ಲ. ಬಡಿಸಿ ಅಂತ.”

“ಬಡಿಸ್ಬೇಡಿ ಅಂತ.”

ಸ್ಪ್ರಿಂಕ್ಲರ್ ಒಂದು ಸುತ್ತು ಸುತ್ತಿತು.

“ನೀವು ಇಲ್ಲ ಅಂದಿದ್ರೆ ಅತ್ತೆನೇ ಬಡಿಸ್ತಿದ್ರು. ಯಾರೂ ಬರದಿದ್ರೆ ಹೆತ್ತವಳು ಬಡಿಸಬಹುದಂತೆ. ಮೊದಲೇ ಊರಿಗೆ ಫೋನ್ ಮಾಡಿ ಕೇಳಿಟ್ಟುಕೊಂಡಿದ್ದೆ. ನೀವು ಒಂದು ಮಾತು ಅನ್ನಬೇಕಿತ್ತು ಅಷ್ಟೆ.”

ಒಂದು ಮಾತು. ಜನ್ಮದಲ್ಲಿ ಎಂದೂ ಮಾತಿಗೆ ಬರವಿಲ್ಲದ ನಾನು.

“ಶ್ರೀಜಾ, ನಾನು ನಿಮ್ಮನ್ನ...”

“ಗೊತ್ತು. ನಂಗೂ.” ಕಾರಿನ ಬಾನೆಟ್ ಮೇಲೆ ಅಂಗೈ ಊರಿ ನಿಂತಳು. “ಅತ್ತೆ ಒಳಗಡೆ ಊರಿನವರಿಗೆಲ್ಲ ಫೋನ್ ಮಾಡ್ತಿದ್ದಾರೆ. ಇನ್ನೊಬ್ಬ ಮಗ ಸಿಕ್ಕ ಅಂತ ಹೇಳ್ತಿದ್ದಾರೆ. ವಿಕಾಸ್ ಹೋದ ಮೇಲೆ ಅವರು ಊಟಕ್ಕೆ ಇನ್ನೊಂದ್ಸಲ ಅನ್ನ ಕೇಳಿ ಹಾಕಿಸ್ಕೊಂಡಿದ್ದು ಇವತ್ತೇ ಮೊದಲು. ಈ ಮಗನ್ನೂ ಅವರಿಂದ ನಾನು ಕಿತ್ಕೊಳ್ಳಲಾ? ನೀವೇ ಹೇಳಿ.”

ಇದು ಅಮೆರಿಕ, ಇಂಥದ್ದೆಲ್ಲ ಯಾರು ಕೇಳುತ್ತಾರೆ ಎನ್ನಬಹುದಿತ್ತು. ಆದರೆ ಆ ಎಲೆಗೆ ಬಡಿಸಿದ್ದು ನಾನು, ನನ್ನ ಕೈಯಿಂದ. ಅವಳ ಕಣ್ಣು ಒರೆಸಲು ಎತ್ತಿದ ಅದೇ ಕೈ ಅರ್ಧದಲ್ಲೇ ನಿಂತಿತು. ಅವಳೇ ಸೆರಗಿನ ತುದಿಯಿಂದ ಒರೆಸಿಕೊಂಡಳು.

ಒಳಗಿನಿಂದ ಆಂಟಿ ಕೂಗಿದರು. ಉಡುಪಿಯಿಂದ ಚಿಕ್ಕಮ್ಮ ವಿಡಿಯೋ ಕಾಲ್‌ನಲ್ಲಿದ್ದಾರೆ, ಜಿತೇಶನ ಮುಖ ನೋಡಬೇಕಂತೆ.

ಶ್ರೀಜಾ ದಾರಿ ಬಿಟ್ಟು ನಿಂತಳು.

“ಬಂದೆ ಅಮ್ಮ,” ಎಂದೆ.