ವಿನೋದವನದ ಕೆಂಪು ಹಗ್ಗ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಸುರಗಿಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಅರಸನಿಗೆ ಆನೆ, ಕುದುರೆ, ಅರಮನೆ ಎಲ್ಲ ಇದ್ದವು. ಹೊತ್ತು ಹೋಗುವುದೊಂದೇ ಕಷ್ಟವಾಗಿತ್ತು. ಒಂದು ದಿನ ಕಂಚುಗಣ್ಣ ಎಂಬ ಮಾಯಗಾರ ಆಸ್ಥಾನಕ್ಕೆ ಬಂದ. ಅವನ ಎರಡು ಕಣ್ಣೂ ಕಂಚಿನವು, ರೆಪ್ಪೆ ಬಡಿದರೆ ಸಣ್ಣಗೆ ಸದ್ದಾಗುತ್ತಿತ್ತು. "ಮಹಾಪ್ರಭು, ಊರಾಚೆಯ ಗುಡ್ಡವನ್ನು ನನಗೆ ಬಿಡಿ. ಎಲ್ಲೂ ಇಲ್ಲದಂಥ ವಿನೋದವನ ಕಟ್ಟಿಕೊಡುತ್ತೇನೆ" ಎಂದ. ಅರಸ ಹಿಂದೆಮುಂದೆ ನೋಡದೆ ಆಗಲಿ ಎಂದುಬಿಟ್ಟ.

ಕಂಚುಗಣ್ಣ ಕಟ್ಟಿದ್ದು ಅಂತಿಂಥ ತೋಟವಲ್ಲ. ಅಲ್ಲೊಂದು ಮುಗಿಲುಜೋಕಾಲಿ ಇತ್ತು. ಅದರಲ್ಲಿ ಕೂತವರು ಮೋಡದೊಳಕ್ಕೆ ತೂಗಿಕೊಂಡು ಹೋಗಿ ಬರುತ್ತಿದ್ದರು, ಇಳಿದಾಗ ತಲೆಗೂದಲು ಒದ್ದೆಯಾಗಿರುತ್ತಿತ್ತು. ಅಲ್ಲೊಂದು ಏರುಹೊಳೆ ಇತ್ತು. ಅದರ ನೀರು ತಗ್ಗಿನಿಂದ ದಿಬ್ಬಕ್ಕೆ ಹರಿಯುತ್ತಿತ್ತು, ದೋಣಿಯಲ್ಲಿ ಕೂತವರು ಹುಟ್ಟು ಹಾಕದೆ ಗುಡ್ಡ ಹತ್ತುತ್ತಿದ್ದರು. ಅಲ್ಲೊಂದು ಕಂಚಿನ ನವಿಲಿತ್ತು. ಅದು ಗರಿ ಬಿಚ್ಚಿದರೆ ಒಂದೊಂದು ಕಣ್ಣಿನಲ್ಲೂ ಒಂದೊಂದು ಊರು ಕಾಣುತ್ತಿತ್ತು, ಹುಡುಕಿದ ಹೆಂಗಸರಿಗೆಲ್ಲ ತಂತಮ್ಮ ತವರು ಸಿಗುತ್ತಿತ್ತು. ನೋಡಿದವರು ಬಾಯಿ ಮುಚ್ಚುವುದನ್ನೇ ಮರೆಯುತ್ತಿದ್ದರು.

ವನದ ನಡುವೆ ಒಂದು ದೊಡ್ಡ ಕಂಚಿನ ಮನೆ. ಅದರ ಸುತ್ತ ಒಂದು ಕೆಂಪು ಹಗ್ಗ. "ಹಗ್ಗದ ಆಚೆ ಯಾರೂ ಕಾಲಿಡಕೂಡದು, ಇಟ್ಟವರಿಗೆ ಅವರೇ ಹೊಣೆ" ಎಂದು ಬೆಳಗಿನಿಂದ ಸಂಜೆಯವರೆಗೆ ಡಂಗುರ ಸಾರುತ್ತಿದ್ದರು. ಹಗ್ಗವೋ ಮೊಣಕಾಲೆತ್ತರ, ಮೇಕೆಮರಿಯೂ ಹಾರಿಬಿಡಬಹುದು. ಅಷ್ಟು ಕಾಯಬೇಕಾದ ಜಾಗಕ್ಕೆ ಗೋಡೆ ಯಾಕಿಲ್ಲ ಎಂದು ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ. ಆಗಾಗ ಯಾರೋ ಒಬ್ಬರು ಹಗ್ಗ ದಾಟುತ್ತಿದ್ದರು. ದಾಟಿದವರು ಮರಳಿ ಬರುತ್ತಿರಲಿಲ್ಲ. "ಹೇಳಿದರೂ ಕೇಳಲಿಲ್ಲ, ಅನುಭವಿಸಲಿ" ಎಂದು ಜನ ಇನ್ನೊಂದು ಸುತ್ತು ಜೋಕಾಲಿ ಹತ್ತುತ್ತಿದ್ದರು.

ಸುರಗಿಪುರದಿಂದ ಬಲುದೂರದ ಜೇನುಮಲೆಯಲ್ಲಿ ಜಕ್ಕಲೆ ಎಂಬ ಹೆಣ್ಣುಮಗಳಿದ್ದಳು. ಅವಳ ಗಂಡ ಮಾಚ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಜೇನು ಬಿಡಿಸುವುದು ಆ ಮಲೆಯವರ ಕಸುಬು, ಕಸುಬಿಗೊಂದು ಕಟ್ಟಳೆಯೂ ಇತ್ತು. ಮರದ ಬುಡದಲ್ಲಿ ನಿಂತು ಹೆಸರು ಹೇಳಬೇಕು. ಏನು ಒಯ್ಯಲು ಬಂದೆ ಎಂದು ಹೇಳಬೇಕು. ಬರಲೇ ಎಂದು ಕೇಳಿ ಕಾಯಬೇಕು. ಎಲೆ ಉದುರಿದರೆ ಮರ ಬಾ ಎಂದಂತೆ, ಉದುರದಿದ್ದರೆ ಬರಿಗೈಯಲ್ಲಿ ಮನೆಗೆ ನಡೆಯಬೇಕು. ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚಿಗೆ ತರುವಂತಿಲ್ಲ. ಮಾಚ ಈ ಕಟ್ಟಳೆಯನ್ನು ಒಂದು ದಿನವೂ ತಪ್ಪಿದವನಲ್ಲ. ಆದರೆ ಅವನದೊಂದು ಚಾಳಿ. ಜೇನ್ನೊಣ ಕಣ್ಣಿಗೆ ಬಿದ್ದರೆ ಸಾಕು, ಕಾಲು ತಾನಾಗಿ ಅದರ ಹಿಂದೆ ಹೋಗುತ್ತಿತ್ತು. ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದದ್ದುಂಟು.

ಗಂಡಹೆಂಡತಿ ಅರಮನೆಗೆ ಜೇನು ಕೊಟ್ಟು, ಬಂದದ್ದು ಬಂದೆವು ಎಂದು ವಿನೋದವನಕ್ಕೆ ಹೋದರು. ಜಕ್ಕಲೆ ಜೋಕಾಲಿ ಹತ್ತಿದಳು. ಎತ್ತರವೆಂದರೆ ಹೆದರದ ಮಾಚ, "ಇದೇನು ಎತ್ತರ, ನೀನೇ ಹೋಗು" ಎಂದು ಕೆಳಗೇ ನಿಂತ. ಅವಳು ಮೋಡ ಮುಟ್ಟಿ, ಒದ್ದೆ ತಲೆಯಲ್ಲಿ ಇಳಿದು ಬರುವಾಗ ನೋಡುತ್ತಾಳೆ, ಒಂದು ಕಂಚಿನ ಜೇನ್ನೊಣ ಗುಂಯ್ ಎಂದು ಹಾರುತ್ತಿದೆ, ಅದರ ಹಿಂದೆ ಮಾಚ ಕತ್ತು ನೀಡಿಕೊಂಡು ಹೋಗುತ್ತಿದ್ದಾನೆ. ಮಲೆಯ ಮರವಾಗಿದ್ದರೆ ನಿಂತು ಕೇಳುತ್ತಿದ್ದ. ಇದು ಯಾರೋ ಕಟ್ಟಿದ್ದು, ಇಲ್ಲಿ ಯಾರನ್ನು ಕೇಳುವುದು ಎಂದುಕೊಂಡನೋ ಏನೋ, ಬಲಗಾಲೆತ್ತಿ ಹಗ್ಗ ದಾಟಿದ. ಕಂಚಿನ ಮನೆಯ ಬಾಗಿಲು ತೆರೆಯಿತು, ಮುಚ್ಚಿತು.

ಜಕ್ಕಲೆ ಓಡಿ ಕಾವಲುಗಾರನನ್ನು ಹಿಡಿದಳು. ಅವನು ಡಂಗುರದ ಕೋಲನ್ನೂ ಕೆಳಗಿಡಲಿಲ್ಲ.

"ಏನಮ್ಮಾ, ನಾನು ಬಾಯಿ ಹರಿದುಕೊಳ್ತಾ ಇರೋದು ಕೇಳಲಿಲ್ವಾ ನಿನ್ನ ಗಂಡನಿಗೆ?"

"ತಪ್ಪು ಅವರದೇ, ನಾನು ಇಲ್ಲ ಅನ್ನಲ್ಲ. ತಪ್ಪಿಗೆ ಬೈಯಿರಿ, ಒಂದು ದಿನ ಕೂಡಿ ಹಾಕಿ. ಆಳೇ ಇಲ್ಲದ ಹಾಗೆ ಆಗೋದು ಯಾವ ನ್ಯಾಯ?"

"ನ್ಯಾಯಗೀಯ ನನಗೆ ಗೊತ್ತಿಲ್ಲ. ಸಂಜೆ ಬಾಗಿಲು ಹಾಕೋ ಹೊತ್ತಿಗೆ ಒಳಗಿರೋರು ಕತ್ತಿನವರೆಗೂ ಕಂಚಾಗ್ತಾರೆ, ಆಮೇಲೆ ಬಿಡಿಸೋಕಾಗಲ್ಲ ಅಂತ ಹೇಳ್ತಾರೆ. ನೀನು ಊರಿಗೆ ಹೋಗು" ಎಂದು ಅವನು ಮುಖ ತಿರುಗಿಸಿದ.

ಹೊತ್ತು ಆಗಲೇ ಇಳಿಮುಖವಾಗಿತ್ತು. ಜಕ್ಕಲೆ ಹಗ್ಗ ಹಾರಲು ಸೀರೆ ಎತ್ತಿ ಕಟ್ಟಿದಳು, ಕಾಲೂ ಎತ್ತಿದಳು. ಎತ್ತಿದ ಕಾಲು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಕೇಳದೆ ಒಂದು ಮರವನ್ನೂ ಹತ್ತಿದವಳಲ್ಲ. ಕಾಲು ಕೆಳಗಿಟ್ಟು, ಕೈ ಮುಗಿದು, ಮಲೆಯಲ್ಲಿ ಕೂಗುವ ಹಾಗೆಯೇ ಕೂಗಿದಳು.

"ಒಡೆಯಾ, ನಾನು ಜೇನುಮಲೆಯ ಜಕ್ಕಲೆ. ನಮ್ಮನೆಯವರನ್ನ ಕರಕೊಂಡು ಹೋಗೋಕೆ ಬಂದಿದ್ದೀನಿ. ಬರಲೇ?"

ಕೆಂಪು ಹಗ್ಗ ಅಲುಗಾಡಿತು. ಅದರ ಒಂದು ತುದಿ ಮೆಲ್ಲಗೆ ಮೇಲೆದ್ದಿತು, ಹೆಡೆ ಬಿಚ್ಚಿತು. ಅದು ಹಗ್ಗವಲ್ಲ, ಕಂಚಿನ ಮನೆಯನ್ನೇ ಒಂದು ಸುತ್ತು ಬಳಸಿಕೊಂಡಿದ್ದ ಮಹಾಸರ್ಪ. ಜಕ್ಕಲೆ ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಹಿಂದೆ ಸರಿಯಲಿಲ್ಲ.

"ಮಗಳೇ, ಎಷ್ಟೋ ಜನ ನನ್ನನ್ನು ದಾಟಿಕೊಂಡು ಹೋದರು. ಕೇಳಿದವಳು ನೀನೊಬ್ಬಳೇ" ಎಂದಿತು ಸರ್ಪ. "ಈ ಗುಡ್ಡಕ್ಕೆ ನಾನು ಒಡೆಯ. ನಿದ್ದೆಯಲ್ಲಿದ್ದಾಗ ಕಂಚುಗಣ್ಣ ನನಗೆ ಕೆಂಪು ಬಳಿದು ಹಗ್ಗ ಮಾಡಿದ. ನಾನು ಬಾ ಎನ್ನದೆ ಒಳಗೆ ಬಂದವರೆಲ್ಲ ಕಂಚಾಗಿ ಅವನ ಚಾಕರಿ ಮಾಡಬೇಕು, ಅದು ಅವನ ಮಂತ್ರ. ಕೇಳಿದರೆ ಮಾತ್ರ ನಾನು ಉತ್ತರ ಕೊಡಬಲ್ಲೆ. ಕೇಳದವರಿಗೆ ಏನು ಹೇಳಲಿ? ಇರಲಿ, ಯಾರನ್ನು ಒಯ್ಯುತ್ತೀ? ಒಳಗೆ ಎಷ್ಟೋ ಮನೆಯವರಿದ್ದಾರೆ, ಹೆಸರು ಹೇಳು."

ಗಂಡನ ಹೆಸರು ಹೇಳುವ ರೂಢಿ ಜಕ್ಕಲೆಗಿರಲಿಲ್ಲ. ಮುಖ ಕೆಂಪಗಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು, "ಮಾಚಪ್ಪ" ಎಂದಳು.

"ಬಾ" ಎಂದಿತು ಸರ್ಪ, ನೆಲಕ್ಕೆ ಒತ್ತಿಕೊಂಡು ದಾರಿ ಬಿಟ್ಟಿತು.

ಕಂಚಿನ ಮನೆಯ ಬಾಗಿಲಿಗೆ ಕಂಚಿನ ಆನೆಯೊಂದು ಅಡ್ಡ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಒಬ್ಬರು ನುಸುಳುವಷ್ಟು ಜಾಗ. ಅಲ್ಲಿನ ನೆಲ ಸವೆದು ನುಣ್ಣಗಾಗಿತ್ತು, ಹೋದವರೆಲ್ಲ ಅಲ್ಲೇ ನುಸುಳಿದ್ದರು. ಜಕ್ಕಲೆ ಆನೆಯ ಮುಂದೆ ನಿಂತು ಹೆಸರು ಹೇಳಿದಳು, ಯಾರನ್ನು ಒಯ್ಯುವೆ ಎಂದು ಹೇಳಿದಳು, ಬರಲೇ ಎಂದಳು.

"ಬೇಡ" ಎಂದಿತು ಆನೆ.

ಬೇಡ ಎಂದ ಮೇಲೆ ಮುಗಿಯಿತು. ಜಕ್ಕಲೆ ಅಲ್ಲೇ ನೆಲದ ಮೇಲೆ ಕೂತಳು. ಒಳಗಿನಿಂದ ಠಣ್ ಎಂಬ ಸದ್ದು, ಅದರ ಜೊತೆಗೆ ಮಾಚನ ನರಳಾಟ ಕೇಳಿಸಿತು. ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಕೈ ಎರಡನ್ನೂ ಮಡಿಲಲ್ಲಿ ಬಿಗಿಹಿಡಿದುಕೊಂಡಳೇ ಹೊರತು ಏಳಲಿಲ್ಲ. ನೆರಳುಗಳು ಉದ್ದವಾಗತೊಡಗಿದವು.

ಆನೆಗೇ ತಡೆಯದಾಯಿತು. "ಯಾಕೆ ತಾಯಿ ಕೂತೆ? ಹೊಟ್ಟೆಯ ಕೆಳಗೆ ಜಾಗ ಇದೆಯಲ್ಲ."

"ನೀನು ಬೇಡ ಅಂದೆಯಲ್ಲಪ್ಪ."

"ಬೇಡ ಎನ್ನುವುದೊಂದೇ ನನಗೆ ಕಲಿಸಿದ್ದು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ಬರೀ ಕಂಚು."

"ಕಂಚಾದ್ರೂ ಬಾಗಿಲು ಕಾಯ್ತಾ ಇದ್ದೀಯ. ಕಾಯೋರ ಮಾತು ಮೀರಿದ್ರೆ ಒಳಗೆ ಹೋಗಿ ನಾನು ಏನು ಸುಖ ಕಾಣಲಿ?"

ಆನೆಯ ಕಂಚಿನ ಕಣ್ಣಿಂದ ಒಂದು ಹನಿ ನೀರು ಉದುರಿತು. ಅದು ಪಕ್ಕಕ್ಕೆ ಸರಿದು, ಎಂದೂ ಆಡದ ಮಾತನ್ನು ಕಷ್ಟಪಟ್ಟು ಆಡಿತು. "ಬಾ" ಎಂದಿತು.

ಒಳಗೆ ಹೋದ ಜಕ್ಕಲೆ ನಿಂತಲ್ಲೇ ನಿಂತುಬಿಟ್ಟಳು. ಹೊರಗೆ ಕಂಡದ್ದು ಏನೂ ಅಲ್ಲ, ಅಚ್ಚರಿಯೆಲ್ಲ ಇಲ್ಲಿತ್ತು. ತಲೆಯ ಮೇಲೆ ಆಕಾಶದಷ್ಟೇ ದೊಡ್ಡ ಚಾವಣಿ. ಒಂದು ಕಡೆ ಮೋಡಗಳನ್ನು ಹತ್ತಿಯಂತೆ ಹಿಂಜಿ ರಾಶಿ ಹಾಕಿದ್ದರು. ಇನ್ನೊಂದು ಕಡೆ ನಾಳೆಯ ಕಾಮನಬಿಲ್ಲನ್ನು ಬಣ್ಣದಲ್ಲಿ ಅದ್ದಿ ಒಣಗಲು ಹರವಿದ್ದರು. ನಡುವೆ ಗೋಪುರದೆತ್ತರದ ಚಕ್ರವೊಂದು ತಿರುಗುತ್ತಿತ್ತು. ಅದರಿಂದಲೇ ಜೋಕಾಲಿ ತೂಗುತ್ತಿತ್ತು, ಅದರಿಂದಲೇ ಹೊಳೆ ಏರುತ್ತಿತ್ತು, ಅದರಿಂದಲೇ ನವಿಲು ಗರಿ ಬಿಚ್ಚುತ್ತಿತ್ತು. ಆ ಚಕ್ರವನ್ನು ತುಳಿಯುತ್ತಿದ್ದವರು ಮನುಷ್ಯರು. ಹಗ್ಗ ದಾಟಿದವರೆಲ್ಲ ಅಲ್ಲಿದ್ದರು, ಇಂದು ಬಂದವರು ಸೊಂಟದವರೆಗೆ ಕಂಚು, ಹಳಬರು ಕತ್ತಿನವರೆಗೆ. ತಾನು ಮೋಡ ಮುಟ್ಟಿ ನಕ್ಕದ್ದು ಇವರ ಕಾಲ ಬಲದಿಂದ ಎಂದು ಜಕ್ಕಲೆಗೆ ಆಗ ಹೊಳೆಯಿತು.

ಕೊನೆಯಲ್ಲಿ ಮಾಚನಿದ್ದ. ಕಂಚು ಅವನ ಎದೆಗೆ ಬಂದಿತ್ತು.

ಚಕ್ರದ ಮೇಲಿನ ಪೀಠದಿಂದ ಕಂಚುಗಣ್ಣ ಇಳಿದು ಬಂದ. ಅವನಿಗೂ ಜಕ್ಕಲೆ ಕೈ ಮುಗಿದು, ಹೆಸರು ಹೇಳಿ, ಬಂದ ಕಾರಣ ಹೇಳಿದಳು.

"ಕೇಳಿಕೊಂಡು ಬಂದವಳ ಮೇಲೆ ನನ್ನ ಮಂತ್ರ ನಡೆಯದು. ಒಬ್ಬನನ್ನು ಹೇಳಿದ್ದೀ, ಒಬ್ಬನನ್ನು ಒಯ್ಯಿ" ಎಂದು ಅವನು ನಕ್ಕ. "ಇನ್ನೊಬ್ಬರ ಕೈ ಹಿಡಿದರೆ ನಿನ್ನ ಮಾತು ತಪ್ಪಿತು, ನೀನೂ ನನ್ನವಳೇ."

ಅವನು ಚಿಟಿಕೆ ಹೊಡೆದ. ಮಾಚನ ಎದೆಯಿಂದ, ಸೊಂಟದಿಂದ ಕಂಚು ಇಳಿಯತೊಡಗಿತು. ಜಕ್ಕಲೆ ಗಂಡನ ಕೈ ಹಿಡಿದಳು, ಬಾಗಿಲತ್ತ ತಿರುಗಿದಳು. ಆಗ ಪಕ್ಕದಲ್ಲಿ ಕತ್ತಿನವರೆಗೆ ಕಂಚಾಗಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕರೆದಳು.

"ಅಕ್ಕಾ, ನನ್ನನ್ನ ಬಿಡಿಸು ಅನ್ನಲ್ಲ. ಹೊರಗೆ ನಮ್ಮಪ್ಪ ಸಿಕ್ಕರೆ ಹೇಳು, ನಾನು ಹಟ ಮಾಡಿ ಬಂದಿದ್ದಲ್ಲ. ಚೆಂಡು ಆಚೆ ಬಿದ್ದಿತ್ತು, ಅಷ್ಟೇ."

ಜಕ್ಕಲೆ ನಿಂತಳು.

"ನಡಿ ಜಕ್ಕಿ" ಎಂದ ಮಾಚ. ಅವನ ದನಿಯಲ್ಲಿ ಇನ್ನೂ ಕಂಚಿನ ಗುಂಯ್ಗುಟ್ಟುವಿಕೆ ಇತ್ತು.

"ನಿಂತರೆ ಅವನು ಮತ್ತೆ ಕಂಚಾಗುತ್ತಾನೆ" ಎಂದ ಕಂಚುಗಣ್ಣ. ಸುಳ್ಳಲ್ಲ, ಮಾಚನ ಬಲಪಾದ ಮತ್ತೆ ಹಳದಿಯಾಗುತ್ತಿತ್ತು. ಜಕ್ಕಲೆ ಗಂಡನ ಮುಖ ನೋಡಿದಳು. ಅವಳಿಗೆ ಲೋಕದಲ್ಲಿ ಬೇಕಾದ ಮುಖ ಅದೊಂದೇ. ಆದರೂ ಆ ಹುಡುಗಿಯ ಮಾತು ಕಾಲನ್ನು ಕಟ್ಟಿ ಹಾಕಿತ್ತು. ಮಾತು ಮೀರುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಅಳು ಬರುವ ಬದಲು ಅವಳಿಗೆ ಕೋಪ ಬಂತು.

"ಅಲ್ಲ ಸ್ವಾಮಿ" ಎಂದಳು, "ಕೇಳದೆ ಬಂದೋರೆಲ್ಲ ಕಂಚಾಗಬೇಕು ಅಂತೀರಿ. ನಿಮಗೆ ಬಾ ಅಂದೋರು ಯಾರು?"

"ನನಗೆ ಅರಸನೇ ಕೊಟ್ಟಿದ್ದಾನೆ."

"ಈ ಗುಡ್ಡ ಅರಸರದಲ್ಲ. ಒಡೆಯ ಬಾಗಿಲಲ್ಲೇ ಮಲಗಿದಾನಲ್ಲ, ಅವನನ್ನ ಕೇಳಿದ್ರಾ?"

ಕಂಚುಗಣ್ಣನ ರೆಪ್ಪೆ ಟಿಣ್ ಟಿಣ್ ಎಂದು ಬಡಿದುಕೊಂಡಿತು. "ಬಾಯಿ ಮುಚ್ಚು" ಎಂದು ಮುಂದೆ ಬಂದ. ಅಷ್ಟರಲ್ಲಿ ಜಕ್ಕಲೆ ಬಾಗಿಲಿಗೆ ಮುಖ ಮಾಡಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

"ಒಡೆಯಾ, ಈ ಕಂಚುಗಣ್ಣನಿಗೆ ನೀನು ಬಾ ಅಂದಿದ್ದೆಯಾ?"

ಅಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ಮನೆಯ ಸುತ್ತ ಮಲಗಿದ್ದ ಸರ್ಪ ತಲೆ ಎತ್ತಿತು. ಜೋಕಾಲಿ ಮುಗಿಲಿನಲ್ಲೇ ನಿಂತಿತು, ಹೊಳೆ ದಿಬ್ಬದ ನಡುವೆ ನಿಂತಿತು. ಎಲ್ಲ ದಿಕ್ಕಿನಿಂದಲೂ ಒಂದೇ ಉತ್ತರ ಬಂತು.

"ಇಲ್ಲ."

ತಾನು ಕಟ್ಟಿದ ಮಂತ್ರ ತನ್ನನ್ನೇ ಹಿಡಿಯಿತು. ಕಂಚುಗಣ್ಣನ ಕಣ್ಣಿನಿಂದ ಕಂಚು ಕೆನ್ನೆಗಿಳಿಯಿತು, ಕೊರಳಿಗಿಳಿಯಿತು, ಎತ್ತಿದ ಕೈಗೆ ಹರಿಯಿತು. ಅರೆಗಳಿಗೆಯಲ್ಲಿ ಅವನು ಬರಿಯ ಬೊಂಬೆಯಾಗಿ ನಿಂತ. ಚಕ್ರ ತುಳಿಯುತ್ತಿದ್ದವರ ಮೈಯಿಂದ ಕಂಚು ಕಳಚಿ ನೆಲಕ್ಕೆ ಬಿದ್ದ ಸದ್ದು ಸುರಗಿಪುರದ ಕೊನೆಯ ಬೀದಿಗೂ ಕೇಳಿಸಿತಂತೆ.

ಯಾರೂ ಯಾರ ಕೈಯನ್ನೂ ಹಿಡಿಯಬೇಕಾಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲಿನ ಮೇಲೆ ಹೊರಗೆ ಬಂದರು. ಚೆಂಡಿನ ಹುಡುಗಿಗೆ ಕಂಚಿನೊಳಗೆ ವಯಸ್ಸೇ ಏರಿರಲಿಲ್ಲ, ಹೊರಗಿದ್ದ ಅವಳ ಅಪ್ಪ ಮುದುಕನಾಗಿದ್ದ. ಅವಳು ಹೇಳಬೇಕೆಂದಿದ್ದ ಮಾತನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ, ಸುಮ್ಮನೆ ಅಪ್ಪಿಕೊಂಡ. ಅರಸ ತಲೆ ತಗ್ಗಿಸಿ ಸರ್ಪದ ಮುಂದೆ ನಿಂತು, ಹೆಸರು ಹೇಳಿ, ಒಳಗೆ ಬರಲೇ ಎಂದು ಕೇಳಿದ. ಸರ್ಪ ಅವನನ್ನು ಮೂರು ದಿನ ಕಾಯಿಸಿ ಬಾ ಎಂದಿತು. ಅಂದಿನಿಂದ ಚಕ್ರವನ್ನು ಆನೆ ತಾನೇ ಇಷ್ಟಪಟ್ಟು ತಿರುಗಿಸಿತು, ಬೇಡವೆನಿಸಿದ ದಿನ ಬೇಡ ಎಂದಿತು, ಆ ದಿನ ಜೋಕಾಲಿ ಇರುತ್ತಿರಲಿಲ್ಲ.

ಎಲ್ಲರ ಕಂಚೂ ಬಿಟ್ಟುಹೋಯಿತು, ಮಾಚನ ಬಲಪಾದದ್ದೊಂದು ಬಿಡಲಿಲ್ಲ. ಹೆಂಡತಿ ನಿಂತು ಕೇಳುತ್ತಿದ್ದಾಗ ಮತ್ತೆ ಏರಿದ ಕಂಚು ಅಲ್ಲೇ ಉಳಿದುಕೊಂಡಿತ್ತು. "ನನ್ನಿಂದ ಆಯ್ತು" ಎಂದು ಜಕ್ಕಲೆ ದಾರಿಯುದ್ದಕ್ಕೂ ಅತ್ತಳು. "ಹಗ್ಗ ದಾಟಿದ್ದು ನಿನ್ನ ಕಾಲಾ, ನನ್ನ ಕಾಲಾ?" ಎಂದ ಮಾಚ. ಕಂಚಿನ ಕಾಲಲ್ಲಿ ಮರ ಹತ್ತಲಾಗದು. ಆದ್ದರಿಂದ ಅಂದಿನಿಂದ ಜೇನುಮಲೆಯಲ್ಲಿ ಜಕ್ಕಲೆ ಮರ ಹತ್ತಿದಳು, ಜೋಕಾಲಿಗಿಂತ ಎತ್ತರಕ್ಕೆ ಹತ್ತಿದಳು. ಮಾಚ ಬುಡದಲ್ಲಿ ನಿಂತು ಅವಳ ಹಗ್ಗ ಹಿಡಿದ. ತಲೆಯ ಸುತ್ತ ಎಷ್ಟು ಜೇನ್ನೊಣ ಹಾರಿದರೂ, ಅವಳು ಇಳಿದು ನೆಲ ಮುಟ್ಟುವವರೆಗೆ ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ. ಹೀಗೆ ಅವರು ಬಹುಕಾಲ ಸುಖವಾಗಿದ್ದರು, ಸುರಗಿಪುರದವರೂ ಸುಖವಾಗಿದ್ದರು.